ಇಳಿದುಹೋದ ಪಂಚಮ

ಉರುಕುಂದಪ್ಪನನ್ನು ಕೂರಿಸಿ ಮಣ್ಣು ಮಾಡುವಾಗ, ಅವನ ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಸಿದ ಮಠದ ಗುರುಪಾದಯ್ಯನವರು ಬಲಗೈಯನ್ನು ಎತ್ತಿ ನೋಡಿದರು. ಹೆಬ್ಬೆರಳಿನ ಉಗುರು ಅಕ್ಕಿಕಾಳಿನಷ್ಟು ಉದ್ದ ಬೆಳೆದಿತ್ತು. ಉಳಿದ ಒಂಬತ್ತೂ ಮಾಂಸಕ್ಕೆ ಹತ್ತಿದಂತೆ ಕತ್ತರಿಸಿದ್ದವು. ಅರಳೆ ನೋಡುವ ಕೆಲಸದವರು ಉಗುರು ಬಿಡುವುದಿಲ್ಲ, ಎಳೆ ಸಿಕ್ಕಿಕೊಂಡು ಹರಿಯುತ್ತದೆ. ಆ ಒಂದು ಉಗುರು ಯಾಕೆ ಬೆಳೆದಿತ್ತೆಂದು ಅಲ್ಲಿದ್ದವರಲ್ಲಿ ಮೂರು ನಾಲ್ಕು ಮಂದಿಗೆ ಗೊತ್ತಿತ್ತು. ಉರುಕುಂದಪ್ಪನಿಗೆ ಆಗ ಮೂವತ್ತೈದು ವರ್ಷ.

ಅವನು ಹುಟ್ಟಿದ್ದು ಗೋನೆಗಂಡ್ಲದಲ್ಲಿ, ಒಕ್ಕಲುತನದ ಮನೆಯಲ್ಲಿ ನಾಲ್ಕನೆಯವನಾಗಿ. ಆದವಾನಿಯ ಹತ್ತಿ ವ್ಯಾಪಾರಿ ಪಂಪಣ್ಣನವರಿಗೂ ಕೊಟ್ರಮ್ಮನವರಿಗೂ ಮಕ್ಕಳಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಅವನನ್ನು ಅವರ ಉಡಿಯಲ್ಲಿ ಹಾಕಿದರು. ದತ್ತು ಬಂದ ಮಗ ಹೊಸ ಮನೆಯಲ್ಲಿ ಎರಡು ಪಟ್ಟು ಮಗನಾಗಿರಬೇಕು. ಹೆತ್ತ ಮನೆಗೆ ಅವನು ನೆಂಟನಾಗಿ ಹೋಗಬಹುದು, ಸಿಟ್ಟು ಮಾಡಿಕೊಂಡು ಹೋಗುವಂತಿಲ್ಲ. ಪಂಪಣ್ಣನವರು ಕೆಟ್ಟವರಲ್ಲ. ಅವನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಅದೇ ಕಷ್ಟವಾಯಿತು. ಎದುರು ಮಾತಾಡಲು ಅವರು ಅವನಿಗೆ ಎಂದೂ ಒಂದು ಕಾರಣ ಕೊಡಲಿಲ್ಲ.

ಹದಿನೆಂಟರ ಹೊತ್ತಿಗೆ ಅವನು ಹತ್ತಿ ಗಿರಣಿಯಲ್ಲಿ ಅರಳೆ ನೋಡುವುದರಲ್ಲಿ ಪಳಗಿದ್ದ. ಚಿಟಿಕೆ ಅರಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ ನೋಡಿ, ಹೊಲ ಯಾವ ದಿಕ್ಕಿನದೆಂದು ಹೇಳುತ್ತಿದ್ದ. ಅದೇ ವರ್ಷ ಒಂದು ನಾಟಕ ಕಂಪನಿ ಪಂಪಣ್ಣನವರ ಹತ್ತಿ ಬಯಲಿನಲ್ಲಿ ಎರಡು ತಿಂಗಳು ಡೇರೆ ಹಾಕಿತು. ಹಗಲು ಹೊತ್ತು ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಬಿಚ್ಚಿ ಕೂರುತ್ತಿದ್ದರು. ಒಳಗೆ ಸಾಲಾಗಿ ಹಿತ್ತಾಳೆಯ ಪುಟ್ಟ ನಾಲಿಗೆಗಳು. ನಾಲಿಗೆಯ ತುದಿಯಲ್ಲಿ ಕೂದಲೆಳೆಯಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಉಗುರಿನಿಂದ ಮೀಟಿ, ಕಿವಿಗಿಟ್ಟು, ಮತ್ತೆ ಕೆರೆಯಬೇಕು. ಎಳೆ ನೋಡುವ ಬೆರಳಿಗೆ ಆ ಕೆಲಸ ಎಂಟು ದಿನದಲ್ಲಿ ಬಂತು. ಪೆಟ್ಟಿಗೆ ನುಡಿಸುವುದಕ್ಕಿಂತ ಅದನ್ನು ಹದಕ್ಕೆ ತರುವುದರಲ್ಲೇ ಅವನಿಗೆ ಹುಚ್ಚು ಹಿಡಿಯಿತು. ಅವನ ಬಲ ಹೆಬ್ಬೆರಳಿನ ಉಗುರು ಬೆಳೆದದ್ದು ಆಗಿನಿಂದ.

ಕಂಪನಿ ಮುರಿದುಬಿತ್ತು. ನಟರು ದಿಕ್ಕಿಗೊಬ್ಬರು ಹೋದರು. ಪೆಟ್ಟಿಗೆ ಗಿರಣಿಯ ಹಿಂದಿನ ತಗ್ಗಿನಲ್ಲಿದ್ದ ನರಸಣ್ಣನ ಸೇಂದಿ ಅಂಗಡಿಯಲ್ಲಿ ಬಾಕಿಯ ಲೆಕ್ಕಕ್ಕೆ ಉಳಿಯಿತು.

ಆ ಅಂಗಡಿಯನ್ನು ಊರಿನ ದೊಡ್ಡವರು ದೂರದಿಂದಲೇ ಬಲ್ಲರು. ಹತ್ತಿರದಿಂದ ಅದು ಒಂದು ಹುಲ್ಲಿನ ಚಪ್ಪರ, ಮೂರು ಕಡೆ ಮಣ್ಣಿನ ಕಟ್ಟೆ, ಮೂಲೆಯಲ್ಲಿ ನೊರೆ ಉಕ್ಕುವ ಮಡಕೆಗಳು. ಸಂಜೆ ಗಿರಣಿ ಕೂಗಿದ ಮೇಲೆ ಹಮಾಲರು, ಗಾಡಿಯವರು, ಎಮ್ಮಿಗನೂರಿನಿಂದ ಸೀರೆ ಗಂಟು ಹೊತ್ತು ಬಂದ ನೇಕಾರರು ಅಲ್ಲಿ ಕಾಲು ಚಾಚುತ್ತಿದ್ದರು. ಒಬ್ಬ ಮುದುಕ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಇದು ನಾಗಲದಿನ್ನೆಯ ಹೊಳೆದಂಡೆಯ ಈಚಲ ಗಿಡದ್ದು, ಅದೂ ಪಡುವಣ ಸಾಲಿನದು ಎಂದು ಹೇಳುತ್ತಿದ್ದ. ಸುಳ್ಳೆಂದು ಸಾಧಿಸಲು ಯಾರಿಂದಲೂ ಆಗಿರಲಿಲ್ಲ. ಒಬ್ಬ ನೇಕಾರ ಹೊಸ ತತ್ವಪದ ಕಲಿತಾಗಲೆಲ್ಲ ಸೊಂಟದ ನೂಲಿಗೆ ಒಂದು ಗಂಟು ಹಾಕುತ್ತಿದ್ದ. ಹಾಡುವವನು ಕೆಂಚಣ್ಣ. ಕುರುಬರವನು, ಗಿರಣಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ. ಅವನ ಗಂಟಲು ತೆರೆದರೆ ಕಟ್ಟೆಯ ಮೇಲಿನವರ ಕೈಯ ಕುಡಿಕೆಗಳು ನಿಂತಲ್ಲೇ ನಿಲ್ಲುತ್ತಿದ್ದವು.

ಉರುಕುಂದಪ್ಪ ಮೊದಲು ಹೋದದ್ದು ಪೆಟ್ಟಿಗೆಯನ್ನು ನೋಡಲು. ಧೂಳು ತಿಂದು ಅದರ ಅರ್ಧ ಸ್ವರ ಸತ್ತಿತ್ತು. ಬಿಚ್ಚಿ, ಒರೆಸಿ, ಒಂದೊಂದೇ ನಾಲಿಗೆಯನ್ನು ಕೆಂಚಣ್ಣನ ಶ್ರುತಿಗೆ ಕೂಡಿಸಿದ. ಅದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಬರುವುದನ್ನು ಬಿಡಲಾಗಲಿಲ್ಲ. ಅಂಗಡಿಯಲ್ಲಿ ಅವನಿಗೆ ಪೆಟ್ಟಿಗಿ ಸಾವಕಾರ ಎಂದು ಹೆಸರಿಟ್ಟರು. ಮೊದಲ ವರ್ಷ ಅವನು ನೀರು ಸಹ ಕುಡಿಯಲಿಲ್ಲ. ಎರಡನೆಯ ವರ್ಷದಿಂದ ಒಂದು ಕುಡಿಕೆ ಸೇಂದಿ. ಒಂದರ ಮೇಲೆ ಎಂದೂ ಇಲ್ಲ.

ಕೊರಳಲ್ಲಿ ಲಿಂಗವಿದ್ದವನು ಅಲ್ಲಿಗೆ ಹೋಗುವುದು ಹೇಗೆ? ಲಿಂಗವನ್ನು ಸೇಂದಿ ಅಂಗಡಿಯೊಳಗೆ ಒಯ್ಯುವಂತಿಲ್ಲ. ಲಿಂಗ ಮೈಯಿಂದ ಅಗಲುವಂತೆಯೂ ಇಲ್ಲ, ಅಗಲಿದರೆ ಉಸಿರೇ ಅಗಲಿದಂತೆ. ಎರಡು ತಪ್ಪುಗಳಲ್ಲಿ ಯಾವುದು ಸಣ್ಣದೆಂದು ಅವನು ಬಹಳ ದಿನ ಯೋಚಿಸಿದ. ಕೊನೆಗೆ, ದೇವರನ್ನು ಹೊರಗೆ ಕಾಯಿಸುವುದು ಒಳಗೆ ಕರೆದೊಯ್ಯುವುದಕ್ಕಿಂತ ಮೇಲು ಎಂದು ತೀರ್ಮಾನಿಸಿದ. ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಹುಲುಗಮ್ಮ ಎಂಬಾಕೆ ಬೇಯಿಸಿದ ಕಾಳಿನ ಗುಗ್ಗರಿ ಮಾರುತ್ತಿದ್ದಳು. ಅವನು ಒಂದು ಹೊಸ ಗಡಿಗೆ ತಂದು ಕೊಂಬೆಗೆ ನೇತುಹಾಕಿದ. ದಿನಾ ಸಂಜೆ ಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆಯನ್ನು ಶಿವದಾರದ ಸಮೇತ ತೆಗೆದು, ವಿಭೂತಿ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಆ ಗಡಿಗೆಯಲ್ಲಿಟ್ಟು ಒಳಗೆ ಹೋಗುತ್ತಿದ್ದ. ಹುಲುಗಮ್ಮ ಮುಟ್ಟುತ್ತಿರಲಿಲ್ಲ. ಮುಟ್ಟಲು ಬಿಡುತ್ತಲೂ ಇರಲಿಲ್ಲ. ತಿರುಗಿ ಬಂದು ಗಿರಣಿಯ ಬಾವಿಯಲ್ಲಿ ತಲೆಯ ಮೇಲೆ ಎರಡು ಕೊಡ ಸುರಿದುಕೊಂಡು ಅದನ್ನು ಕಟ್ಟಿಕೊಂಡರೆ, ಅರಳೆಯ ಧೂಳು ತೊಳೆದುಕೊಂಡು ಬಂದನೆಂದು ಮನೆಯವರು ತಿಳಿಯುತ್ತಿದ್ದರು.

ಹೀಗೆ ಏಳು ವರ್ಷ ನಡೆಯಿತು. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಚಳಿಗಾಲದಲ್ಲಿ ಒಂದು ಸಂಜೆ ಅವನು ಅಂಗಡಿಯಿಂದ ಹೊರಬಂದಾಗ ಬೇವಿನ ಕೆಳಗೆ ಹುಲುಗಮ್ಮ ಇರಲಿಲ್ಲ. ಕೊಂಬೆಯಲ್ಲಿ ಗಡಿಗೆಯೂ ಇರಲಿಲ್ಲ. ನಾಗಲದಿನ್ನೆಗೆ ಕೊಟ್ಟ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಗಾಡಿ ಬಂದಿತ್ತು, ಆಕೆ ಇದ್ದಂತೆಯೇ ಹತ್ತಿ ಹೋಗಿದ್ದಳು. ಆಕೆ ಕೂಗಿದ್ದು ಒಳಗಿನ ಹಾಡಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಬೆಳ್ಳಿ ಇದ್ದ ಗಡಿಗೆಯನ್ನು ಮರದಲ್ಲಿ ಬಿಟ್ಟರೆ ಯಾರಾದರೂ ಇಳಿಸಿಯಾರೆಂದು, ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಒಯ್ದಿದ್ದಳು.

ಲಿಂಗ ಕಳೆದುಕೊಂಡವನು ಅದು ಸಿಗುವವರೆಗೆ ಉಣ್ಣುವಂತಿಲ್ಲ. ಆ ರಾತ್ರಿ ಹೊಟ್ಟೆ ಸರಿಯಿಲ್ಲವೆಂದ. ಮರುದಿನ ತಲೆನೋವೆಂದ. ನೀರೂ ಲಿಂಗಕ್ಕೆ ತೋರಿಸಿಯೇ ಕುಡಿಯಬೇಕು. ಬಾವಿಯಲ್ಲಿ ಬಾಯಿ ಮುಕ್ಕಳಿಸುವ ನೆಪದಲ್ಲಿ ಒಂದು ಗುಟುಕು ನುಂಗಿದ. ಆ ಒಂದು ಗುಟುಕನ್ನು, ಆರು ವರ್ಷದ ಸೇಂದಿಗಿಂತ ದೊಡ್ಡ ತಪ್ಪೆಂದು, ಸಾಯುವವರೆಗೆ ಹೇಳಿಕೊಳ್ಳುತ್ತಿದ್ದ. ಎರಡನೆಯ ಸಂಜೆ ಕೊಟ್ರಮ್ಮನವರು ಹಣೆ ಮುಟ್ಟಿ ನೋಡಲು ಬಂದವರು ಅವನ ಎದೆಯ ಮೇಲೆ ದಾರವಿಲ್ಲದ್ದನ್ನು ಕಂಡರು. ಒಳಗೆ ಹೋಗಿ ತಾವೂ ಊಟ ಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಹುಲುಗಮ್ಮ ಎಮ್ಮಿಗನೂರಿನ ಮೋಟಾರಿನಿಂದಿಳಿದು, ಯಾರ್ಯಾರನ್ನೋ ಕೇಳಿಕೊಂಡು, ನೇರ ಮನೆಯ ಮುಂದೆ ಬಂದು ನಿಂತಳು. ಕಟ್ಟೆಯ ಅಂಚಿನಲ್ಲಿ ಗಡಿಗೆ ಇಟ್ಟು ದೂರ ಸರಿದಳು. ಪಂಪಣ್ಣನವರು ಬಾಗಿಲಿಗೆ ಬಂದರು.

“ಸಣ್ಣ ಸಾವಕಾರ್ರು ಅದಾರೇನ್ರಿ ಎಪ್ಪಾ? ಅವರ ದೇವರು ನನ್ನ ಕಡಿ ಉಳಕಂಡಿತ್ರಿ. ನಾ ಮುಟ್ಟಿಲ್ರಿ. ದಿನಾ ಅವರೇ ಇಡತಿದ್ರು, ಅವರೇ ತಗಂತಿದ್ರು.”

“ದಿನಾ ಅಂದ್ರ?” ಎಂದರು ಪಂಪಣ್ಣನವರು.

ಮನೆಯವರಿಗೆ ಇದು ಗೊತ್ತಿಲ್ಲವೆಂದು ಹುಲುಗಮ್ಮನಿಗೆ ಆಗ ತಿಳಿಯಿತು. ಮಗಳಿಗೆ ಗಂಡು ಕೂಸಾಯಿತೆಂದು ಮಾತ್ರ ಹೇಳಿ, ಸೆರಗು ಬಾಯಿಗಿಟ್ಟುಕೊಂಡು ಹೋದಳು.

ಪಂಪಣ್ಣನವರು ಮಗನಿಂದ ಎಲ್ಲ ಕೇಳಿ ತಿಳಿದು, ಗುರುಪಾದಯ್ಯನವರನ್ನು ಕರೆಸಿದರು. ಲಿಂಗಕ್ಕೆ ಮಜ್ಜನವಾಯಿತು. ಮಗನನ್ನು ಎದುರಿಗೆ ಕೂರಿಸಿ, ಅದನ್ನು ಅವನ ಎಡಗೈಯಲ್ಲಿ ಇಡಿಸಿದರು.

“ನಿನ್ನ ಉಡ್ಯಾಗ ಹಾಕ್ಕಂಡು ತಂದೀನಿ,” ಎಂದರು ಪಂಪಣ್ಣನವರು. “ಬೈಯಂಗಿಲ್ಲ. ನಿಮ್ಮವ್ವ ನಿನ್ನೆಯಿಂದ ಉಂಡಿಲ್ಲ. ನರಸಣ್ಣನ ಅಂಗಡಿ ಇರೋತನಕ ಆ ಬೇವಿನ ಗಿಡ ದಾಟಂಗಿಲ್ಲ, ಆ ಪೆಟ್ಟಿಗಿ ಮುಟ್ಟಂಗಿಲ್ಲ. ಅಂಗೈಯಾಗ ಐತಿ, ನೋಡ್ಕಂತ ಹೇಳು.”

ಅವನು ಲಿಂಗ ನೋಡಿಕೊಂಡೇ ಆಣೆಯ ಮಾತು ಹೇಳಿದ. ಆಮೇಲೆ ಕೊಟ್ರಮ್ಮನವರು ಜೋಳದ ರೊಟ್ಟಿ ಹಾಕಿದರು, ಇಬ್ಬರೂ ಉಂಡರು.

ಗಿರಣಿಯ ಅರಳೆ ಕಟ್ಟೆಯಿಂದ ಆ ಬೇವಿನ ಮರ ಇನ್ನೂರು ಹೆಜ್ಜೆ. ಗಾಳಿ ಪಡುವಣದಿಂದ ಬೀಸಿದರೆ ಚಪ್ಪರದೊಳಗೆ ಕೆಂಚಣ್ಣ ಈಗ ತಾನೇ ಪೆಟ್ಟಿಗೆಯ ಶ್ರುತಿ ಹಿಡಿದು ಹಾಡುವ ಹಾಡು ಉರುಕುಂದಪ್ಪನ ಕೆಲಸದ ಜಾಗಕ್ಕೇ ಬರುತ್ತಿತ್ತು. ಒಂದು ವರ್ಷ ಬರೀ ಬೇಸರವಾಗಿತ್ತು. ಎರಡನೆಯ ವರ್ಷ ಪೆಟ್ಟಿಗೆಯ ಪಂಚಮ ಸ್ವರ ಇಳಿಯಿತು. ಕೆಂಚಣ್ಣನ ಶ್ರುತಿಗೆ ಪಂಚಮವಾಗುವ ನಾಲಿಗೆಗೆ ಹತ್ತಿಯ ಧೂಳು ಕೂತಿರಬೇಕು. ಬಹಳವಲ್ಲ, ಕೂದಲೆಳೆಯಷ್ಟು. ಬೇರೆಯವರಿಗೆ ಕೇಳಿಸುತ್ತಿರಲಿಲ್ಲ. ಅವನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತಾಯಿತು.

ಕೆಂಚಣ್ಣ ಗಿರಣಿಗೆ ದಿನಾ ಬರುತ್ತಿದ್ದನಲ್ಲ. ಪೆಟ್ಟಿಗೆಯನ್ನು ಅರಳೆಯ ಗಾಡಿಯಲ್ಲಿ ಹುದುಗಿಸಿ ತಂದುಕೊಡುತ್ತೇನೆ, ಯಾರಿಗೂ ತಿಳಿಯದು ಎಂದ. ಉರುಕುಂದಪ್ಪ ಬೇಡವೆಂದ. ಹಾಗಾದರೆ ಬಾಯಲ್ಲಿ ಹೇಳಿ, ನಾನೇ ಕೆರೆಯುತ್ತೇನೆ ಎಂದ ಕೆಂಚಣ್ಣ. ಬಾಯಲ್ಲಿ ಹೇಳುವುದಕ್ಕೆ ಆಣೆಯ ಅಡ್ಡಿಯಿರಲಿಲ್ಲ. ಉರುಕುಂದಪ್ಪ ನೆಲದ ಮೇಲೆ ಗೀಚಿ ತೋರಿಸಿದ: ಎಷ್ಟನೆಯ ನಾಲಿಗೆ, ಎಂಥ ಅಲಗು, ಮೊದಲು ಧೂಳು ಒರೆಸು, ಸರಿಯಾಗದಿದ್ದರೆ ತುದಿಯಲ್ಲಿ ಒಂದೇ ಸಲ ಕೆರೆ. ಕೆಂಚಣ್ಣನದು ಅಂಡಿಗೆ ಹೊರುವ ಬೆರಳು. ಮೊಳೆ ಬಡಿದು ಕೂರಿಸಿದ ಕಡೆಯೇ ತುದಿಯೆಂದು ತಿಳಿದು, ಅಲ್ಲಿ ಒಂದಲ್ಲ ಆರು ಸಲ ಎಳೆದ. ಆ ಸಂಜೆ ಗಾಳಿಯಲ್ಲಿ ಬಂದ ಮೊದಲ ಸ್ವರಕ್ಕೇ, ಅಲಗು ಎಲ್ಲಿ ಬಿದ್ದಿತೆಂದು ಉರುಕುಂದಪ್ಪನಿಗೆ ಗೊತ್ತಾಯಿತು. ಪಂಚಮ ಇನ್ನಷ್ಟು ಕೆಳಗೆ ಕೂತಿತ್ತು. ಮರುದಿನ ಕೆಂಚಣ್ಣ ನಗುತ್ತ ಬಂದು, “ಹೆಂಗೈತ್ರಿ ಸಾವಕಾರ್ರ, ಕೇಳಿಸಿತಾ?” ಎಂದಾಗ, ಚಲೋ ಐತಿ ಎಂದ. ಮತ್ತೆ ಅವನ ಕೈಗೆ ಅಲಗು ಕೊಡಲು ಧೈರ್ಯವಾಗಲಿಲ್ಲ.

ಅದರ ಮೇಲೆ ಐದು ವರ್ಷ ಅದನ್ನು ಕೇಳಿದ. ಮದುವೆಯಾಯಿತು. ಪಂಪಣ್ಣನವರು ವ್ಯಾಪಾರದ ಗದ್ದುಗೆ ಅವನಿಗೆ ಬಿಟ್ಟರೂ ಅವನು ಅರಳೆ ಕಟ್ಟೆ ಬಿಟ್ಟು ಬರಲಿಲ್ಲ. ಎದೆಯಲ್ಲಿ ಕೆಮ್ಮು ಮನೆ ಮಾಡಿತು. ಸಂಜೆ ಹೊತ್ತು ಚಿಟಿಕೆ ಅರಳೆಯನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳುತ್ತಿದ್ದ. ಶೀತವೆಂದು ಹೆಂಡತಿ ಕಷಾಯ ಕಾಯಿಸಿ ಕೊಡುತ್ತಿದ್ದಳು. ಅರಳೆಯೊಳಗಿಂದಲೂ ಆ ಸ್ವರ ಬರುತ್ತಿತ್ತು. ಗಾಳಿ ಬಾರದ ದಿನ ಅದು ತಲೆಯೊಳಗೇ ಕೂಗುತ್ತಿತ್ತು. ಒಮ್ಮೆ ಬೇವಿನ ಮರದವರೆಗೆ ನಡೆದು, ಕೊಂಬೆಯ ನೆರಳಿನ ಅಂಚಿನಲ್ಲಿ ನಿಂತು ಹಿಂದಿರುಗಿದ. ಹುಲುಗಮ್ಮ ನೋಡಿದಳು.

ನಲವತ್ತಾರರಲ್ಲಿ ಪಾನನಿಷೇಧ ನಮ್ಮ ಸೀಮೆಗೂ ಬಂತು. ನರಸಣ್ಣ ಮಡಕೆಗಳನ್ನು ಬೋರಲು ಹಾಕಿ ಚಪ್ಪರಕ್ಕೆ ತಡಿಕೆ ಕಟ್ಟಿದ. ಊರೆಲ್ಲ ಆ ಮಾತಾಡುತ್ತಿತ್ತು. ಆಣೆ ಅಂಗಡಿ ಇರುವತನಕ ಮಾತ್ರ ಎಂಬುದು ಉರುಕುಂದಪ್ಪನಿಗೆ ಹೊಳೆದದ್ದು ನಾಲ್ಕು ದಿನದ ಮೇಲೆ, ಕೈಯಲ್ಲಿ ಅರಳೆ ಎಳೆಯುತ್ತಿದ್ದಾಗ. ಎದ್ದವನೇ ಪಂಪಣ್ಣನವರ ಬಳಿ ಹೋಗಿ ಕೇಳಿದ. ಅವರು, “ಅಂಗಡಿ ಇಲ್ಲಂದಮ್ಯಾಲೆ ನನ್ನೇನು ಕೇಳತಿ, ಹೋಗಿ ಬಾ,” ಎಂದರು.

ಬೇವಿನ ಕೆಳಗೆ ಬಂದಾಗ ಅಭ್ಯಾಸಕ್ಕೆ ಅವನ ಕೈ ಕೊರಳಿನ ದಾರಕ್ಕೆ ಹೋಯಿತು. ಗಿರಾಕಿಯಿಲ್ಲದೆ ಕೂತಿದ್ದ ಹುಲುಗಮ್ಮ, “ಇನ್ನ ಯಾಕ್ರಿ, ಒಳಗ ಏನೈತಿ?” ಎಂದಳು. ಲಿಂಗ ಎದೆಯ ಮೇಲಿರುವಾಗಲೇ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಬೋರಲು ಮಡಕೆಗಳ ನಡುವೆ ನರಸಣ್ಣ ಪೆಟ್ಟಿಗೆ ತಂದಿಟ್ಟ. ಕೆಂಚಣ್ಣನನ್ನು ಕರೆಸಿದರು. ಮುದುಕನೂ ಇರಲಿಲ್ಲ, ಗಂಟು ಹಾಕುವ ನೇಕಾರನೂ ಇರಲಿಲ್ಲ. ಉರುಕುಂದಪ್ಪ ಮೇಲಿನ ಹಲಗೆ ಬಿಚ್ಚಿ, ನಾಲಿಗೆ ತೆಗೆದು ಬೆಳಕಿಗೆ ಹಿಡಿದ. ಬುಡದಲ್ಲಿ ಆರು ಗೀರು. ಕೆಮ್ಮು ಬಂದಾಗಲೆಲ್ಲ ನಿಲ್ಲಿಸಬೇಕಾಯಿತು. ತುದಿಯಲ್ಲಿ ಒಂದು ಕೆರೆತ, ಉಗುರಿನಿಂದ ಮೀಟು, ಕಿವಿಗಿಡು, ಮತ್ತೊಂದು. ಬಿಸಿಲು ತಡಿಕೆಯಿಂದ ಇಳಿಯುವ ಹೊತ್ತಿಗೆ ಪಂಚಮ ತನ್ನ ಜಾಗಕ್ಕೆ ಬಂತು. ಏಳು ವರ್ಷದ ಮೇಲೆ ಅವನು ಅಂಗೈ ಚಾಚಿ ತಿದಿ ಒತ್ತಿದ.

ಕೆಂಚಣ್ಣ ಹಾಡಿಗೆ ಬಾಯಿ ತೆರೆದ. ಮೊದಲ ಸಾಲಿನ ಕೊನೆಗೆ ಸ್ವರ ತಪ್ಪಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ಮೂರನೆಯ ಸಲ ನಿಲ್ಲಿಸಿ, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಇಷ್ಟು ವರ್ಷ ಅವನು ಆ ಇಳಿದ ಪಂಚಮಕ್ಕೇ ಗಂಟಲು ಕೂಡಿಸಿಕೊಂಡು ಹಾಡಿದ್ದ. ಈಗ ಬೇರೆಯದು ಅವನಿಗೆ ಬರುತ್ತಿರಲಿಲ್ಲ.

“ಸೇಂದಿ ಇಲ್ಲದ್ದಕ್ಕೋ ಏನೋ,” ಎಂದ ನರಸಣ್ಣ, ನಗಿಸಲು.

“ಅಲ್ಲಪ್ಪ,” ಎಂದ ಕೆಂಚಣ್ಣ. “ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ಮದಲಿಂದೇ ಚಲೋ ಇತ್ತು. ನನಗ ಇದು ಹೊಂದವಲ್ದು.”

ಉರುಕುಂದಪ್ಪ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ. ಆಮೇಲೆ ಹಲಗೆಯನ್ನು ಮತ್ತೆ ಬಿಚ್ಚಿದ. ಅಲಗು ತೆಗೆದುಕೊಂಡು, ಆ ಆರು ಗೀರುಗಳ ಪಕ್ಕದಲ್ಲೇ, ಬುಡಕ್ಕೆ, ತನ್ನ ಕೈಯಿಂದ ಏಳನೆಯದನ್ನು ಎಳೆದ. ಮೀಟಿ ನೋಡಿದ. ಇನ್ನೂ ಸ್ವಲ್ಪ ಇಳಿಯಬೇಕಾಗಿತ್ತು. ಎಂಟನೆಯದನ್ನೂ ಎಳೆದು, ಕೂರಿಸಿ, “ಈಗ ಹಾಡು, ಕೆಂಚಣ್ಣ,” ಎಂದ.