ನಮ್ಮೋರು ಊಟಕ್ಕೆ ಬರ್ತಾರೆ

ನಮ್ಮಕ್ಕ ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಲ್ಯಾಬಿನ ಮೂಲೆ ಮೇಜಿನಲ್ಲಿ ಕೂತು ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಮಾಡುವವಳು ಇವಳು. ನಮ್ಮೂರಿನ ಅರ್ಧ ಮುದುಕರು ನಗುವುದು ನಮ್ಮಕ್ಕನ ದಯೆಯಿಂದ. ಯಾರನ್ನು ಕಂಡರೂ ಅವಳು ಮೊದಲು ನೋಡುವುದು ಬಾಯಿ. ನನ್ನ ಗಂಡ ಮದುವೆಗೆ ಮುಂಚೆ ಮನೆಗೆ ಬಂದಾಗ ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಹುಡುಗ ಒಳ್ಳೆಯವನು ಕಣೇ. ಆದ್ರೆ ನಿದ್ದೇಲಿ ಹಲ್ಲು ಕಡೀತಾನೆ." ಮದುವೆಯಾದ ಮೇಲೆ ನೋಡಿದರೆ, ಕಡಿಯುತ್ತಿದ್ದ.

ಅಕ್ಕ ಮಾತ್ರ ಮದುವೆಯಾಗಲಿಲ್ಲ. ಅಮ್ಮ ಹೋದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದವಳು, ನಮ್ಮ ತಮ್ಮ ಗುಂಡ ತನ್ನ ಮೂಗು ತಾನು ಒರೆಸಿಕೊಳ್ಳಲೂ ಬಾರದವನು. ನಮ್ಮಿಬ್ಬರನ್ನೂ ಒಂದು ದಡ ಸೇರಿಸುವಷ್ಟರಲ್ಲಿ ಅಕ್ಕನ ಕೂದಲು ಬೆಳ್ಳಗಾಗಿತ್ತು. ಗುಂಡ ಈಗ ದೊಡ್ಡದೊಂದು ಗೋದಾಮಿನ ಮೇಲ್ವಿಚಾರಕ; ಹೆಸರಿಗೆ ತಕ್ಕ ಹೊಟ್ಟೆ ಬಂದಿದೆ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಬೆಳಗಿನಿಂದ ಸಂಜೆವರೆಗೆ "ಬ್ರೇಕು! ಬ್ರೇಕು!" ಎಂದು ಕಿರುಚಿ ಕಿರುಚಿ ನನ್ನ ಗಂಟಲೂ ಕೆಟ್ಟಿದೆ, ಸ್ವಭಾವವೂ ಕೆಟ್ಟಿದೆ. ಅಕ್ಕ ನನ್ನನ್ನು ಮೆಣಸಿನಕಾಯಿ ಎಂದೇ ಕರೆಯುವುದು.

ಈಗ ಹಲ್ಲನ್ನೂ ಯಂತ್ರವೇ ಮಾಡುತ್ತದಂತೆ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಇರುವ ಅಕ್ಕನ ಲ್ಯಾಬು ಮುಚ್ಚುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಗುಂಡ ತನ್ನ ಮನೆಯ ಮಾಳಿಗೆ ಮೇಲಿನ ರೂಮಿಗೆ ಬಣ್ಣ ಹೊಡೆಸಿದ. ನಾನೇನು ಕಮ್ಮಿ? ನಮ್ಮ ಹಿಂದಿನ ಕೋಣೆಯ ಹಳೇ ಸಾಮಾನೆಲ್ಲ ಹೊರಗೆ ಹಾಕಿ ಹೊಸ ಮಂಚ ತರಿಸಿದೆ. ಗುಂಡನ ಹೆಂಡತಿಗೆ ಶಿಫ್ಟು ಕೆಲಸ, ಮಕ್ಕಳು ಚಿಕ್ಕವು. ನನ್ನ ಮಗಳದು ಪರೀಕ್ಷೆಯ ವರ್ಷ, ನಾನು ಮನೆಯಲ್ಲಿರುವುದೇ ಅಪರೂಪ. ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯೂ ಇತ್ತು, ಅದರ ಬೆನ್ನಿಗೆ ಅಡುಗೆಮನೆಯೂ ಇತ್ತು. ಅಕ್ಕ ಯಾರ ಮನೆಗೆ ಬರುತ್ತಾಳೆ ಎನ್ನುವುದೊಂದೇ ನಮ್ಮಿಬ್ಬರ ತಲೆಯಲ್ಲಿದ್ದ ಪ್ರಶ್ನೆ.

ಅಷ್ಟರಲ್ಲಿ ಸಾಲು ರಜೆ ಬಂತು. ಅಕ್ಕನೇ ಫೋನ್ ಮಾಡಿದಳು. "ಗಂಡ, ಹೆಂಡ್ತಿ, ಮಕ್ಕಳು ಯಾರೂ ಬೇಡ. ನಾವು ಮೂರೇ ಜನ ಸಿಟಿಗೆ ಹೋಗಿ ಸುತ್ತಾಡ್ಕೊಂಡು ಬರೋಣ. ನಿಮ್ಮ ಹತ್ರ ಒಂದು ವಿಷಯ ಮಾತಾಡೋದಿದೆ."

ನಾನು ತಕ್ಷಣ ಗುಂಡನಿಗೆ ಫೋನ್ ಹಚ್ಚಿದೆ. "ನೋಡು, ಅವಳಾಗೇ ಬಾಯಿ ಬಿಡೋವರೆಗೂ ನೀನು ರೂಮಿನ ಸುದ್ದಿ ಎತ್ಬಾರ್ದು."

"ನೀನೂ ಮಂಚದ ಸುದ್ದಿ ಎತ್ಬಾರ್ದು," ಎಂದ. ಮಂಚದ ವಿಷಯ ಅವನಿಗೆ ಹೇಗೆ ಗೊತ್ತಾಯಿತೋ! ನನ್ನ ಗಂಡನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಬಸ್ ನಿಲ್ದಾಣಕ್ಕೆ ಅಕ್ಕ ಎರಡು ದೊಡ್ಡ ಸೂಟ್‌ಕೇಸ್ ತಂದಿದ್ದಳು. ಗುಂಡ ಒಂದನ್ನು ಎತ್ತಿ ಹಾಗೇ ಕೆಳಗಿಟ್ಟ. "ಏನಕ್ಕಾ ಇದು, ಲ್ಯಾಬನ್ನೇ ಹೊತ್ಕೊಂಡು ಬಂದಿದೀಯಾ?"

"ಸುಮ್ನೆ ಎತ್ತೋ. ಆ ಹೊಟ್ಟೆ ಹೊರ್ತೀಯಂತೆ, ಇದು ಭಾರವಾ?"

ಹೋಟೆಲಿನಲ್ಲಿ ಮೂರು ಮಂಚದ ಒಂದು ರೂಮು. ಕಿಟಕಿ ತೆರೆದರೆ ಎದುರಿಗೆ ಕಾರು ನಿಲ್ಲಿಸುವ ಕಟ್ಟಡ, ಹಿಂದಕ್ಕೆ ಬರುವ ಕಾರುಗಳ ಪೀಂ ಪೀಂ. ಸಾಲು ರಜೆಗೆಂದು ಇಷ್ಟು ದೂರ ಬಂದು ಬೇರೆಯವರ ಪಾರ್ಕಿಂಗ್ ನೋಡುವ ಕರ್ಮ ನನ್ನದು. ಅಕ್ಕನಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಮುಖ ತೊಳೆದು, ತಲೆ ಬಾಚಿ, "ನಡೀರಿ, ನಡೀರಿ," ಎಂದು ನಮ್ಮನ್ನು ಹೊರಡಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ತಲೆ ಕೆಡುವುದು. ಆ ಊರಿಗೆ ನಾವು ಮೂವರೂ ಹೊಸಬರು ಎಂದುಕೊಂಡಿದ್ದೆ. ಅಕ್ಕ ಮ್ಯಾಪೂ ನೋಡಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಎಲ್ಲಿ ರಸ್ತೆ ದಾಟಬೇಕು, ಯಾವ ಸಂದಿಯಲ್ಲಿ ನುಗ್ಗಿದರೆ ಬೇಗ, ಎಲ್ಲವೂ ಅವಳ ಕಾಲಿಗೆ ಗೊತ್ತಿತ್ತು. ಚಪ್ಪಲಿ ಹೊಲಿಯುವವನೊಬ್ಬ ಅವಳನ್ನು ಕಂಡು ತಲೆಯಾಡಿಸಿ ನಕ್ಕ. "ಯಾರೇ ಅವನು?" ಎಂದರೆ, "ಚಪ್ಪಲಿ ಹೊಲಿಯೋನು," ಎಂದಳು. ಅದು ನಮಗೂ ಕಾಣುತ್ತಿತ್ತು!

"ಲ್ಯಾಬಿನ ಕೆಲಸಕ್ಕೆ ಆಗಾಗ ಬರ್ತಿದ್ದೆ," ಎಂದಳು ಆಮೇಲೆ. ಇರಬಹುದು ಎಂದುಕೊಂಡೆವು.

ದೊಡ್ಡ ಅರಮನೆ, ಮ್ಯೂಸಿಯಂ ಏನನ್ನಾದರೂ ತೋರಿಸುತ್ತಾಳೆಂದು ನೋಡಿದರೆ ಅವಳು ಹೊಕ್ಕಿದ್ದು ಮನೆ ಸಾಮಾನಿನ ಅಂಗಡಿಗೆ. ಅಲ್ಲಿ ಬಾಗಿಲ ಮುಂದೆ ಹಾಕುವ ಕಾಲೊರಸು ಕೊಂಡಳು. ಬಟ್ಟೆ ಒಣಹಾಕುವ ಕ್ಲಿಪ್ಪು ಕೊಂಡಳು. ಬಕೆಟ್ಟಿನ ಮೇಲೆ ಕೈಯಾಡಿಸಿ, ಬೆರಳಲ್ಲಿ ತಟ್ಟಿ ನೋಡಿ, ಅದನ್ನೂ ಕೊಂಡಳು. ಪ್ರವಾಸಕ್ಕೆ ಬಂದು ಯಾರಾದರೂ ಬಕೆಟ್ಟು ಕೊಳ್ಳುತ್ತಾರಾ?

ಗುಂಡ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ನನ್ನ ಮಾಳಿಗೆ ರೂಮಲ್ಲಿ ಬಕೆಟ್ ಇಲ್ಲ. ಅಕ್ಕನಿಗೆ ಯಾರೋ ಹೇಳಿರ್ಬೇಕು." ಅವನ ಮುಖ ಅರಳಿತ್ತು.

"ಕನಸು ಕಾಣು. ಕಾಲೊರಸು ಹಸಿರು. ನನ್ನ ಮನೆ ಬಾಗಿಲಿಗೆ ಯಾವ ಬಣ್ಣ?"

"ಹಸಿರು ಬಾಗಿಲು ಊರಲ್ಲಿ ನಿಂದೊಂದೇನಾ?"

ಅಂಗಡಿಯ ಮಧ್ಯದಲ್ಲಿ ಪೊರಕೆಗಳ ಹತ್ತಿರ ನಿಂತು ನಾವಿಬ್ಬರೂ ಚಿಕ್ಕವರಿದ್ದಾಗಿನ ಹಾಗೆಯೇ ಕಚ್ಚಾಡಿದೆವು. ಅಕ್ಕ ತಿರುಗಿ ನೋಡಲೇ ಇಲ್ಲ. ಬಕೆಟ್ಟನ್ನು ಗುಂಡನ ಕೈಗೆ ಕೊಟ್ಟು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಹಾಗೆ ಆ ದಿನ ಅದೆಷ್ಟು ಸಲ ಮಾಡಿದಳೋ. ಮನೆಯಲ್ಲಿ ಯಾರಿಗೂ ಹೆದರದ ನಮ್ಮಕ್ಕ ಏನನ್ನೋ ಹೇಳಲು ಹೆದರುತ್ತಿದ್ದಾಳೆ ಎನ್ನಿಸಿತು. ಕಾಯಿಲೆಯೋ ಏನೋ ಎಂದು ಗಾಬರಿಯಾಯಿತು.

ಸಂಜೆ ಕಾಫಿ ಕುಡಿಯುವಾಗ ಅಂತೂ ಬಾಯಿಬಿಟ್ಟಳು. ಲೋಟದ ಕಡೆಗೇ ನೋಡುತ್ತಾ, "ನಾಳೆ ಮಧ್ಯಾಹ್ನ ನಮ್ಮೋರು ಊಟಕ್ಕೆ ಬರ್ತಾರೆ. ಇಬ್ರೂ ಸ್ವಲ್ಪ ನೆಟ್ಟಗಿರಿ. ಏ ಮೆಣಸಿನಕಾಯಿ, ನಿನಗೇ ಹೇಳ್ತಿರೋದು," ಎಂದಳು. ಅಷ್ಟು ಹೇಳಿ, ತಲೆಯ ಮೇಲಿನ ಭಾರ ಇಳಿಸಿದವಳ ಹಾಗೆ ಎದ್ದು ಕೈ ತೊಳೆಯಲು ಹೋದಳು.

ನೀವು ಜಾಣರು, ನಿಮಗೆ ಆಗಲೇ ಅರ್ಥವಾಗಿರುತ್ತದೆ. ನನ್ನ ಗಂಡನ ವಿಷಯ ಬಂದರೆ ನಾನೂ "ನಮ್ಮೋರು ಬಂದ್ರು, ನಮ್ಮೋರು ಉಂಡ್ರು" ಎಂದೇ ಹೇಳುವುದು. ಆದರೆ ಅಕ್ಕನ ಬಾಯಲ್ಲಿ ನಮ್ಮೋರು ಎಂದರೆ ನಮ್ಮ ಜನ, ನಮ್ಮ ಪೈಕಿಯವರು, ಅಷ್ಟೇ. ಬೇರೆ ಅರ್ಥ ನಮ್ಮಿಬ್ಬರ ಮಂಡೆಗೆ ಹೊಳೆಯಲೇ ಇಲ್ಲ.

"ಈ ಊರಲ್ಲಿ ನಮ್ಮೋರು ಯಾರೋ ಇರೋದು?" ಎಂದೆ.

ಗುಂಡ ತಲೆ ಕೆರೆದುಕೊಂಡ. "ಚಿಕ್ಕಪ್ಪನ ಮಕ್ಕಳು! ಕಾಂಪೌಂಡ್ ಗೋಡೆ ಜಗಳ ಆದ್ಮೇಲೆ ಅವ್ರು ಇಲ್ಲೇ ಎಲ್ಲೋ ಬಂದು ಸೇರಿದ್ರಂತಲ್ಲ. ಅಕ್ಕ ರಾಜಿ ಮಾಡಿಸ್ತಿದಾಳೆ. ಅದಕ್ಕೇ ಹೇಳೋಕೆ ಹೆದರ್ತಿದ್ದಿದ್ದು."

ಎಲ್ಲವೂ ಸರಿಹೊಂದಿತು. ನನಗೆ ಮೈಯೆಲ್ಲ ಉರಿಯಿತು. ಆ ಚಿಕ್ಕಪ್ಪ ಅಮ್ಮನ ಸಾವಿಗೂ ಬಂದವನಲ್ಲ. ಆದರೆ ಕಾಯಿಲೆಯಲ್ಲವಲ್ಲ ಎಂದು ಸಮಾಧಾನವೂ ಆಯಿತು. ಬೆಳಗ್ಗೆ ಎದ್ದು ಗುಂಡ ಹೋಟೆಲಿನ ಕೆಳಗಿನ ಊಟದ ಹಾಲಿನಲ್ಲಿ ಎರಡು ಮೇಜು ಜೋಡಿಸಿ, ಸುತ್ತ ಕುರ್ಚಿ ಹಾಕಿಸಿ ಬಂದ. ಚಿಕ್ಕಪ್ಪನದು ದೊಡ್ಡ ಸಂಸಾರ. ಸಣ್ಣತನ ಮಾಡಿದರು ಎಂದು ಅವರ ಬಾಯಲ್ಲಿ ಬರಬಾರದಲ್ಲ.

ಮಧ್ಯಾಹ್ನ ಅಕ್ಕ ಕನ್ನಡಿ ಮುಂದೆಯೇ ಉಳಿದಳು. ನಾವಿಬ್ಬರೂ ಮೊದಲೇ ಇಳಿದು ಆ ಉದ್ದ ಮೇಜಿನ ಒಂದು ತುದಿಯಲ್ಲಿ ಕೂತೆವು. ನಾನು ಮನಸ್ಸಿನಲ್ಲೇ ಬೈಗುಳ ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಸಣಕಲು ಮೈಯ, ವಯಸ್ಸಾದ ಒಬ್ಬರು ಬಂದು ನಮ್ಮ ಎದುರು ಕುರ್ಚಿ ಎಳೆದು ಕೂತರು. ನಕ್ಕರು. ಮುಂದಿನ ಎರಡು ಹಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು.

ಗುಂಡ ಮೇಲ್ವಿಚಾರಕನ ದನಿ ತೆಗೆದ. "ಸಾರ್, ಈ ಟೇಬಲ್ ಬುಕ್ ಆಗಿದೆ. ನಮ್ಮೋರು ಬರೋದಿದೆ."

"ಹೌದು," ಎಂದರು ಅವರು. "ಅದು... ನಾನೇ."

"ನೀವಲ್ಲ ಸಾರ್. ನಮ್ಮ ಪೈಕಿಯವರು, ತುಂಬಾ ಜನ ಇದಾರೆ. ದಯವಿಟ್ಟು ಆ ಕಡೆ ಕೂತ್ಕೊಳ್ಳಿ."

ಆ ಮನುಷ್ಯ ಎದ್ದು ನಿಂತರು. ಯಾವ ಕಡೆ ಹೋಗಬೇಕೆಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತರು. ಆಗ ಲಿಫ್ಟಿನಿಂದ ಅಕ್ಕ ಬಂದಳು. ಬಂದವಳೇ ಅವರನ್ನು ನೋಡಿ, "ಯಾಕ್ರೀ ನಿಂತಿದೀರಾ? ಕೂತ್ಕೊಳ್ಳೀಂದ್ರೆ," ಎಂದಳು.

ಆ "ರೀ" ನನ್ನ ಕಿವಿಗೆ ಬಿತ್ತು. ಹಾಲಿನವನಿಗೆ ಹೇಳುವ ರೀ ಬೇರೆ, ಬಸ್ ಕಂಡಕ್ಟರಿಗೆ ಹೇಳುವ ರೀ ಬೇರೆ. ಇದು ನಾನು ನನ್ನ ಗಂಡನಿಗೆ ಹೇಳುವ ರೀ. ಅರ್ಧ ಗದರಿಕೆ, ಅರ್ಧ ಸಲುಗೆ. ಕೈಯಲ್ಲಿದ್ದ ನೀರಿನ ಲೋಟ ಹೇಗೆ ಕೆಳಗಿಟ್ಟೆನೋ ನೆನಪಿಲ್ಲ. ಗುಂಡ ಇನ್ನೂ ಬಾಗಿಲ ಕಡೆ ನೋಡುತ್ತಾ, "ಉಳಿದವರು ಎಲ್ಲಿ?" ಎಂದು ಕೇಳುತ್ತಿದ್ದ. ನಾನು ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದೆ.

ಅವರು ಈ ಊರಿನ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಅಚ್ಚು ತೆಗೆಯುವವರು. ಅಕ್ಕ ಮಾಡಿ ಕಳಿಸಿದ ಸೆಟ್ಟನ್ನು "ಬಣ್ಣ ಹೆಚ್ಚು ಬೆಳ್ಳಗಾಯ್ತು" ಎಂದು ವಾಪಸು ಕಳಿಸಿದ ಮೊದಲ ಮನುಷ್ಯ. ಅಕ್ಕ ಫೋನಿನಲ್ಲಿ ಜಗಳ ತೆಗೆದಳಂತೆ. ಜಗಳ ವರ್ಷಗಟ್ಟಲೆ ನಡೆಯಿತಂತೆ. ಹೋದ ತಿಂಗಳು ರಿಜಿಸ್ಟರ್ ಮದುವೆಯಾಯಿತಂತೆ. ಇದನ್ನೆಲ್ಲ ಅವರು ಹೇಳುತ್ತಿದ್ದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ನಮಗೊಂದು ಮಾತು ಹೇಳ್ಬಾರ್ದಿತ್ತಾ? ನಾವು ಬೇಡ ಅಂತಿದ್ವಾ?"

"ಬೇಡ ಅಂತಿರ್ಲಿಲ್ಲ," ಎಂದಳು ಅಕ್ಕ. "ನೀನು, ಮಗಳ ಪರೀಕ್ಷೆ ಮುಗೀಲಿ ಅಕ್ಕಾ, ಅಂತಿದ್ದೆ. ಇವನು, ಮಕ್ಕಳು ಸ್ವಲ್ಪ ದೊಡ್ಡವಾಗ್ಲಿ ಅಂತಿದ್ದ. ನಾನು ಆಯ್ತು ಅಂತಿದ್ದೆ. ನನಗೆ ನನ್ನ ಮೇಲೇ ಭಯ ಕಣೇ."

ಗುಂಡ, "ಹಂಗಾದ್ರೆ ಮಾಳಿಗೆ ರೂಮು?" ಎಂದ.

"ಅದರಲ್ಲಿ ನೀನು ಮಲ್ಕೋ, ಗಾಳಿ ಚೆನ್ನಾಗಿ ಬರುತ್ತೆ," ಎಂದಳು ಅಕ್ಕ. ಅಷ್ಟರಲ್ಲಿ ಬಡಿಸುವವನು ಬಂದು ಖಾಲಿ ಕುರ್ಚಿಗಳ ಸಾಲನ್ನು ತೋರಿಸಿ, "ಇನ್ನೂ ಬರೋರಿದಾರಾ?" ಎಂದು ಕೇಳಿದ. ಮೊದಲು ನಕ್ಕದ್ದು ಆ ಸಂದು ಹಲ್ಲಿನವರು. ನಮಗೂ ನಗು ಬಂತು. ಗುಂಡ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡ.

ಊಟವಾದ ಮೇಲೆ ಅವರ ಮನೆಗೆ ಹೋದೆವು. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಸೂಟ್‌ಕೇಸುಗಳನ್ನೂ ಬಕೆಟ್ಟನ್ನೂ ಹೊತ್ತದ್ದು ಗುಂಡನೇ. ಅಕ್ಕ ಕಾಲೊರಸನ್ನು ಬಾಗಿಲ ಮುಂದೆ ಹಾಕಿ ಕಾಲಿನಿಂದ ನೇರ ಮಾಡಿದಳು. ನನಗೆ ಏನಾಗುತ್ತಿದೆಯೆಂದು ನನಗೇ ತಿಳಿಯಲಿಲ್ಲ. ಸಂತೋಷವಾ ಎಂದರೆ ಸಂತೋಷ, ಸಿಟ್ಟಾ ಎಂದರೆ ಸಿಟ್ಟು. ಇನ್ನೊಬ್ಬರ ಮನೆಯಲ್ಲಿ ನಮ್ಮಕ್ಕ ಸಲೀಸಾಗಿ ಸಕ್ಕರೆ ಡಬ್ಬಿ ತೆಗೆಯುವುದನ್ನು ನೋಡಿ ಹೊಟ್ಟೆಕಿಚ್ಚೂ ಆಯಿತು. ಅವಳು ಡಬ್ಬಿ ಕೊಟ್ಟು ಹೊರಗೆ ಹೋದದ್ದೇ ತಡ, ಕಾಫಿ ಮಾಡುತ್ತಿದ್ದ ಆ ಮನುಷ್ಯನಲ್ಲಿ ಏನಾದರೂ ತಪ್ಪು ಹುಡುಕಲೇಬೇಕೆಂದು ನಾನೂ ಗುಂಡನೂ ಅಡುಗೆಮನೆಗೆ ನುಗ್ಗಿದೆವು.

"ಹಲ್ಲು ಕಟ್ಟೋಳ ಗಂಡ, ನಿಮ್ಮ ಹಲ್ಲಿನ ಸಂದು ಯಾಕೆ ಹಾಗೇ ಇದೆ?"

"ನಿಮ್ಮಕ್ಕನೇ ಮುಟ್ಬೇಡಿ ಅಂದಿದಾರೆ," ಎಂದರು ಅವರು ಸಂಕೋಚದಿಂದ.

"ನಮ್ಮಕ್ಕನ್ನ ಬೆಳಗ್ಗೆ ಎದ್ದ ತಕ್ಷಣ ಮಾತಾಡಿಸ್ಬಾರ್ದು, ಗೊತ್ತಾ? ಕಾಫಿ ಕುಡಿಯೋವರೆಗೂ ಸಿಡಿಸಿಡಿ ಅಂತಾಳೆ."

ಅವರು ಅನುಮಾನದಿಂದ ನನ್ನನ್ನು ನೋಡಿದರು. "ಹೌದಾ? ಇಲ್ಲಿಗೆ ಬಂದಾಗೆಲ್ಲ ಎದ್ದು ಹಾಡ್ಕೊಂಡೇ ಓಡಾಡ್ತಾರೆ."

ಹಾಡು? ನಮ್ಮಕ್ಕನಾ? ಗುಂಡನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅವಳ ಸೆರಗು ಹಿಡಿದೇ ದೊಡ್ಡವರಾದವರು ನಾವು. ಒಂದು ದಿನವೂ ಅವಳ ಬಾಯಲ್ಲಿ ಹಾಡು ಕೇಳಿರಲಿಲ್ಲ. ಅವಳನ್ನು ಕೇಳೋಣವೆಂದರೆ ಏನೆಂದು ಕೇಳುವುದು? ಆಮೇಲೆ ಹೊರಗೆ ಕೂತು ಕುಡಿಯುವಾಗ ನಾನು, "ಭಾವ, ಕಾಫಿ ಚೆನ್ನಾಗಿದೆ," ಎಂದೆ. ಭಾವ ಎಂಬ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಆಡಿದ್ದು, ನಾಲಿಗೆ ತೊದಲಿತು.

ರಜೆಯ ಕೊನೆಯ ದಿನ ಬಸ್ ಹತ್ತಿಸಲು ಇಬ್ಬರೂ ಬಂದಿದ್ದರು. ಇಷ್ಟು ಕಾಲ ಅಕ್ಕನ ಬಾಡಿಗೆ ರೂಮು ನಮಗೆ ಇನ್ನೊಂದು ಮನೆಯಾಗಿತ್ತು. ಗಂಡನ ಜೊತೆ ಜಗಳವಾದರೆ ಅಲ್ಲಿ, ಮಕ್ಕಳನ್ನು ಬಿಡಬೇಕಾದರೆ ಅಲ್ಲಿ, ಹಸಿವಾದರೂ ಅಲ್ಲಿ. ಬಾಗಿಲು ತಟ್ಟಿದ್ದೇ ಇಲ್ಲ, ಕಾಲಲ್ಲಿ ತಳ್ಳಿ ಒಳಗೆ ಹೋಗುತ್ತಿದ್ದೆವು. ಅದೇ ರೂಢಿಯಲ್ಲಿ ನಾನು, "ಸರಿ ಅಕ್ಕಾ, ಬರೋ ಭಾನುವಾರ ಮಕ್ಕಳನ್ನ ಕರ್ಕೊಂಡು ಬರ್ತೀವಿ," ಎಂದೆ.

"ಬನ್ನಿ, ಬನ್ನಿ. ಬರೋ ಮುಂಚೆ ಒಂದು ಫೋನ್ ಮಾಡಿ," ಎಂದಳು ಅಕ್ಕ.

ಬೇರೆ ಯಾರಾದರೂ ಅಂದಿದ್ದರೆ ಸಾಮಾನ್ಯ ಮಾತು. ನಾನು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೂ ಅದನ್ನೇ ಮತ್ತೆ ಮತ್ತೆ ಅಂದುಕೊಂಡೆ. ಗುಂಡ ಜೇಬಿನಿಂದ ಫೋನು ತೆಗೆದು ಅಲ್ಲೇ ನಂಬರು ಒತ್ತಿದ. ಕೆಳಗೆ ಅಕ್ಕ ಚೀಲ ತಡಕಾಡಿ ಫೋನು ಕಿವಿಗಿಟ್ಟುಕೊಂಡಳು. ಕಿಟಕಿಯಲ್ಲಿ ನಮ್ಮನ್ನು ನೋಡಿ ನಕ್ಕಳು.

"ಅಕ್ಕಾ, ಭಾನುವಾರ ಬರ್ಬಹುದಾ?" ಎಂದು ಕೇಳಿದ ಗುಂಡ.

ಅಕ್ಕ ನಗು ನಿಲ್ಲಿಸಿದಳು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಅವಳ ದನಿ ಫೋನಿನಿಂದ ನನಗೂ ಕೇಳಿಸಿತು.

"ಈ ಭಾನುವಾರ ಬೇಡ ಕಣೋ."

ಅಕ್ಕ ನಮಗೆ ಬೇಡ ಎಂದದ್ದು ಅದೇ ಮೊದಲು. ನನಗೆ ಅಳು ಉಕ್ಕಿ ಬಂತು, ಬೈಯಬೇಕು ಎನ್ನಿಸಿತು, ಇಳಿದು ಹೋಗಿ ತಬ್ಬಿಕೊಳ್ಳಬೇಕು ಎಂದೂ ಎನ್ನಿಸಿತು. ಅಷ್ಟರಲ್ಲಿ ಬಸ್ಸು ಹೊರಟಿತು. ಗುಂಡ ಫೋನು ಕಿವಿಯಿಂದ ತೆಗೆಯದೆ, "ಸರಿ ಅಕ್ಕಾ, ನೀನು ಯಾವಾಗ ಅಂತೀಯೋ ಆವಾಗ," ಎನ್ನುತ್ತಿದ್ದ.