ಮಾರಕ್ಕ ಹೊಲಿದ ಗವಸು

ನಿಮ್ಮ ಕೆಲಸವನ್ನು ಯಾರಾದರೂ ವಿಪರೀತ ಹೊಗಳಿದರೆ ಏನು ಮಾಡುತ್ತೀರಿ? ನಾನಂತೂ ನಂಬಿಬಿಡುತ್ತೇನೆ. ಎರಡು ತಿಂಗಳ ಹಿಂದೆಯೂ ನಂಬಿದ್ದೆ. ಈಗ ಅನುಭವಿಸುತ್ತಿದ್ದೇನೆ.

ಹೊಗಳಿದವರು ಒಂದು ಗಣಿ ಕಂಪನಿಯ ಮ್ಯಾನೇಜರ್. ಚಿತ್ರದುರ್ಗದ ಅವರ ಆಫೀಸಿಗೆ ಕರೆಸಿ, ಮಂಡಕ್ಕಿ ಮೆಣಸಿನಕಾಯಿ ತರಿಸಿ, ಕಂಪ್ಯೂಟರಿನ ಪರದೆ ತೋರಿಸಿದರು. ಪರದೆಯ ತುಂಬ ಒಂದು ಹಸಿರು ಗೆರೆ. ಏರಿಲ್ಲ, ಇಳಿವಿಲ್ಲ. ಎಳೆದು ಕಟ್ಟಿದ ಹಗ್ಗದ ಹಾಗೆ ನೆಟ್ಟಗೆ. "ನೋಡಿ ಮೇಡಂ, ನೀವು ಕೈಯಿಟ್ಟ ಮೇಲೆ ನಮ್ಮ ಗಾಳಿ ಎಷ್ಟು ಕ್ಲೀನಾಗಿದೆ. ಎಲ್ಲಾ ನಿಮ್ಮ ಕೈಗುಣ" ಎಂದರು.

(ಕೈಗುಣ ಡಾಕ್ಟರಿಗಿರುತ್ತದೆ, ಅಡುಗೆಯವರಿಗಿರುತ್ತದೆ. ಸಾಫ್ಟ್‌ವೇರ್ ಹಾಕುವವಳಿಗೂ ಇದೆ ಎಂದು ಅವತ್ತೇ ಗೊತ್ತಾದದ್ದು.) ನಾನು ಖುಷಿಯಿಂದ ಇನ್ನೊಂದು ಮೆಣಸಿನಕಾಯಿ ತೆಗೆದುಕೊಂಡೆ.

ನನ್ನ ಕೆಲಸ ಏನೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಫೋನ್ ಸಿಗ್ನಲ್ ಹತ್ತದ ಗುಡ್ಡ, ಗಣಿಗಳಲ್ಲಿ ಅಳತೆಯ ಪೆಟ್ಟಿಗೆಗಳನ್ನು ನಿಲ್ಲಿಸುತ್ತಾರೆ. ಟರ್ಮಿನಲ್ ಎನ್ನುತ್ತಾರೆ. ಅದಕ್ಕೊಂದು ಪುಟ್ಟ ಡಿಶ್, ಒಂದು ಸೋಲಾರ್ ಪ್ಲೇಟ್. ಅಳೆದದ್ದನ್ನು ಅದು ಉಪಗ್ರಹಕ್ಕೆ ಹೇಳುತ್ತದೆ, ಉಪಗ್ರಹ ಆಫೀಸಿಗೆ ಹೇಳುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವ ಸಾಫ್ಟ್‌ವೇರ್‌ಗೆ ಕ್ಲೈಂಟ್ ಎಂದು ಹೆಸರು. ಅದನ್ನು ಹಾಕಿಕೊಡುವವಳು ನಾನು. ಟರ್ಮಿನಲ್ ನಂಬರ್ ಕೊಡಬೇಕು, ಪಾಸ್‌ವರ್ಡ್ ಕೊಡಬೇಕು, ಹತ್ತು ನಿಮಿಷಕ್ಕೊಮ್ಮೆ ವಿಚಾರಿಸು ಎಂದು ಹೇಳಿಡಬೇಕು. ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಮನುಷ್ಯರನ್ನು ವಿಚಾರಿಸಿಕೊಳ್ಳುವುದಕ್ಕಿಂತ ಎಷ್ಟೋ ಸುಲಭ.

ಈ ಪೆಟ್ಟಿಗೆ ಇರುವುದು ಹೊಳಲ್ಕೆರೆ ದಾಟಿ ಹೊಸದುರ್ಗದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿಯ ಅಂಚಿನಲ್ಲಿ, ಗಣಿ ಗುಡ್ಡದ ಬುಡದಲ್ಲಿ. (ಹಳ್ಳಿಯ ಹೆಸರು ಬೇಡ. ಗಣಿಯ ಹೆಸರಂತೂ ಬೇಡವೇ ಬೇಡ.) ಅದು ಅಳೆಯುವುದು ಧೂಳನ್ನು. ಪೆಟ್ಟಿಗೆಯ ತಲೆಯ ಮೇಲೊಂದು ಮೂಗಿದೆ. ಅದು ಗಾಳಿ ಎಳೆದುಕೊಂಡು, ಅದರಲ್ಲಿ ಧೂಳೆಷ್ಟಿದೆ ಎಂದು ಹೇಳುತ್ತದೆ. ಶುರುವಿನ ಎರಡು ದಿನ ಕೆಂಪೇ ಕೆಂಪು ಬಂತು. ಅದು ಟ್ರಯಲ್, ಲೆಕ್ಕಕ್ಕಿಲ್ಲ ಎಂದರು ಕಂಪನಿಯವರು. ಮೂರನೆಯ ದಿನದಿಂದ ಹಸಿರು. ಯಾಕೆ ಎಂದು ನಾನು ಕೇಳಲಿಲ್ಲ. ಚೆನ್ನಾಗಿ ಬರುತ್ತಿರುವುದನ್ನು ಯಾಕೆ ಬಂತು ಎಂದು ಯಾರಾದರೂ ಕೇಳುತ್ತಾರೆಯೇ?

ಕಳೆದ ಮಂಗಳವಾರ ಅಲ್ಲಿಗೆ ಹೋಗಬೇಕಾಯಿತು. ಸಾಫ್ಟ್‌ವೇರ್‌ನ ಹೊಸ ವರ್ಷನ್ ಬಂದಿತ್ತು, ಪೆಟ್ಟಿಗೆಯ ಕಡೆಯೂ ಒಂದಿಷ್ಟು ಬದಲಿಸಬೇಕಿತ್ತು. ಕಂಪನಿಯದೇ ಜೀಪು. ಮುಂದೆ ಅದಿರು ತುಂಬಿದ ಲಾರಿ, ಮೇಲೆ ಟಾರ್ಪಾಲಿಲ್ಲ. ನಮ್ಮ ಡ್ರೈವರ್ ಕಿಟಕಿ ಏರಿಸಿ ವೈಪರ್ ಹಾಕಿದ. ಉರಿಬಿಸಿಲಿನಲ್ಲಿ ವೈಪರ್! ರಸ್ತೆ ಪಕ್ಕದ ಜಾಲಿ, ಮನೆಯ ಹಂಚು, ಕಟ್ಟಿದ ಎಮ್ಮೆ, ಎಲ್ಲವೂ ಒಂದೇ ಬಣ್ಣ. ಆಗಲಾದರೂ ನನಗೆ ಆ ಹಸಿರು ಗೆರೆ ನೆನಪಾಗಬೇಕಿತ್ತು. ಆಗಲಿಲ್ಲ. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಫೋನ್ ನೋಡುತ್ತಿದ್ದೆ.

ಪೆಟ್ಟಿಗೆ ನೋಡಿಕೊಳ್ಳುವವರು ಓಬಣ್ಣ. ಕುರಿ ಸಾಕುವ ಮನೆತನ. ಕುರಿ ಮೇಯುತ್ತಿದ್ದ ಗೋಮಾಳದಲ್ಲಿ ಗಣಿಯ ರಸ್ತೆ ಬಂದ ಮೇಲೆ ಕುರಿ ಮಾರಿದರು, ಕಂಪನಿಯವರು ಈ ಕೆಲಸ ಕೊಟ್ಟರು. ಊರಿನ ಕೊನೆಯ ಮನೆ ಅವರದೇ. "ಬರ್ರಿ ಮೇಡಂ, ಹೆಂಗೆ ಇಟ್ಟಿದೀನಿ ನೋಡ್ರಿ" ಎಂದು ಕರೆದುಕೊಂಡು ಹೋದರು.

ಡಿಶ್ ಫಳಫಳ ಹೊಳೆಯುತ್ತಿತ್ತು. ಸೋಲಾರ್ ಪ್ಲೇಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಪೆಟ್ಟಿಗೆಯ ಮೂಗಿಗೆ ಮಾತ್ರ ಒಂದು ಗವಸು. ಹಳೆಯ ಹೂವಿನ ಸೀರೆಯದು, ಎರಡು ಪದರದ್ದು. ಕೆಳಗೆ ಲಾಡಿ ಪೋಣಿಸಿ ಬಿಗಿಯಾಗಿ ಗಂಟು ಹಾಕಿತ್ತು. ಅಳತೆ ತೆಗೆದೇ ಹೊಲಿದದ್ದು.

ಇದು ಯಾಕೆ ಎಂದು ಕೇಳಿದೆ.

"ನೀವೇ ಹೇಳಿದ್ರಲ್ಲ, ಮಿಷಿನ್ ಮ್ಯಾಲೆ ಧೂಳು ಕೂರದಂಗೆ ನೋಡ್ಕಳ್ರಿ ಅಂತ. ನಮ್ಮಾಕೆ ಹೊಲ್ದು ಕೊಟ್ಲು. ಒಂದು ಕಣ ಒಳಗೆ ಹೋಗಲ್ಲ ನೋಡ್ರಿ."

ಹೌದು, ಪೆಟ್ಟಿಗೆ ನಿಲ್ಲಿಸಿದ ದಿನ ನಾನೂ ಅಲ್ಲಿದ್ದೆ. ಹೇಳಿದ್ದೂ ನಾನೇ. ನನ್ನ ತಲೆಯಲ್ಲಿದ್ದದ್ದು ಸೋಲಾರ್ ಪ್ಲೇಟು, ಬಾಯಲ್ಲಿ ಬಂದದ್ದು ಮಿಷಿನ್. ಅವರು ಮಿಷಿನ್ ಎಂದರೆ ಮಿಷಿನ್ ಎಂದುಕೊಂಡರು. ತಪ್ಪು ಯಾರದು? ನಮ್ಮ ಮನೆಯಲ್ಲೇ ಮಿಕ್ಸಿಗೆ ಗವಸಿದೆ, ಟೀವಿಗಿದೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲವಿದೆ. ತಮ್ಮನ ಕಾರಿನ ಸೀಟಿನ ಪ್ಲಾಸ್ಟಿಕ್ಕು ಅವನು ಕಾರು ಮಾರುವವರೆಗೂ ಹೋಗಲಿಲ್ಲ. ಬೆಲೆಯ ಸಾಮಾನು ಬಂದರೆ ಮೊದಲು ಮುಚ್ಚುವ ಜನ ನಾವು. ಇಂಥವರ ಕೈಗೆ ಧೂಳು ಕುಡಿಯಲೆಂದೇ ಹುಟ್ಟಿದ ಮಿಷಿನ್ ಕೊಟ್ಟು, ಧೂಳಾಗದಂತೆ ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದೆ. ಇದು ನನ್ನ ಕೈಗುಣ.

ಗವಸು ಬಿಚ್ಚಿಸಿದೆ. ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ ಕೂತೆ. ಓಬಣ್ಣನ ಹೆಂಡತಿ ಮಾರಕ್ಕ ಮಜ್ಜಿಗೆ ತಂದರು. ಲೋಟ ಕೊಡುವಷ್ಟರಲ್ಲಿ ಎರಡು ಸಲ ಕೆಮ್ಮಿದರು. ಮೂರನೆಯ ಸಲ ಗೋಡೆ ಹಿಡಿದು ನಿಂತು ಕೆಮ್ಮಿದರು. ಗುಡ್ಡದಿಂದ ಲಾರಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಹಸಿರು ಗೆರೆ ಮೇಲೆದ್ದಿತು, ಕೆಂಪಾಯಿತು, ಮತ್ತೆ ಇಳಿಯಲಿಲ್ಲ.

ಇಬ್ಬರಿಗೂ ಅದರ ಅರ್ಥ ಹೇಳಿದೆ. ಹೇಳದೆ ಬಂದಿದ್ದರೆ ಚೆನ್ನಾಗಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಲಾರಿಗೆ ಟಾರ್ಪಾಲ್ ಹಾಕಿಸಿ, ರಸ್ತೆಗೆ ನೀರು ಹೊಡೆಸಿ ಎಂದು ಊರಿನವರು ಅರ್ಜಿ ಕೊಟ್ಟಿದ್ದರಂತೆ. ಕಂಪನಿಯವರು ಬಂದು ನನ್ನ ಹಸಿರು ಗೆರೆಯ ಪ್ರಿಂಟ್ ತೋರಿಸಿ, ಗಾಳಿ ಚೆನ್ನಾಗಿದೆ, ಸುಮ್ಮನೆ ಯಾಕೆ ಗಲಾಟೆ ಎಂದರಂತೆ. ಆಗ ಊರವರನ್ನು ಸಮಾಧಾನ ಮಾಡಿದ್ದು ಓಬಣ್ಣನೇ. ಮಿಷಿನ್ ಸುಳ್ಳು ಹೇಳುವುದಿಲ್ಲ, ನಾನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ ಎಂದಿದ್ದರಂತೆ. ನಿನ್ನ ಕೆಮ್ಮು ಒಲೆಯ ಹೊಗೆಯದು ಎಂದು ಹೆಂಡತಿಗೂ ಹೇಳಿದ್ದರಂತೆ. ಮಾರಕ್ಕ ಒಲೆ ಬಿಟ್ಟು ಗ್ಯಾಸಿನಲ್ಲಿ ಅಡುಗೆ ಮಾಡಲು ಶುರುಮಾಡಿ ತಿಂಗಳಾಗಿದೆ. ಕೆಮ್ಮು ಬಿಟ್ಟಿಲ್ಲ. ಇಷ್ಟನ್ನೂ ಓಬಣ್ಣನೇ ಹೇಳಿದರು.

ಅಷ್ಟರಲ್ಲಿ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಆಫೀಸಿನಿಂದ ಗುಡ್ಡಕ್ಕೆ ಬರೆದು ಕಳಿಸಲು ಕ್ಲೈಂಟಿನಲ್ಲಿ ಒಂದು ಜಾಗವಿದೆ (ಅದನ್ನೂ ನಾನೇ ಹಾಕಿಕೊಟ್ಟದ್ದು). ಕೆಂಪು ಬರುತ್ತಿದೆ, ಏನು ಮಾಡಿದಿರಿ, ಮೊದಲಿದ್ದ ಹಾಗೆ ಮಾಡಿ ಎಂದು ಮ್ಯಾನೇಜರ್ ಬರೆದಿದ್ದರು. ಮೂಗಿಗೆ ಬಟ್ಟೆ ಕಟ್ಟಿತ್ತು, ಬಿಚ್ಚಿಸಿದ್ದೇನೆ, ಇಷ್ಟು ದಿನ ಬಂದ ಅಳತೆಯೆಲ್ಲ ಸುಳ್ಳು ಎಂದು ಉತ್ತರಿಸಿದೆ. ಅದಕ್ಕೆ ಬಂದದ್ದು: "ಕವರ್ ಇರಲಿ ಮೇಡಂ. ಸಾಮಾನು ಸೇಫಾಗಿರುತ್ತೆ."

ಇದನ್ನೇ ಒಂದು ಇಮೇಲ್‌ನಲ್ಲಿ ಬರೆದುಕೊಡಿ ಎಂದೆ. ಅಲ್ಲಿಂದ ಮುಂದೆ ಉಪಗ್ರಹಕ್ಕೆ ಮಾತೇ ಬಿದ್ದುಹೋಯಿತು.

ಗೊತ್ತಿಲ್ಲದೆ ಮುಚ್ಚಿದವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಾದ ಮೇಲೂ ಮುಚ್ಚಿಡು ಎನ್ನುವವರನ್ನು ಏನನ್ನಬೇಕು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇದು ಇನ್ನೂ ಜಾಣ ಬೆಕ್ಕು. ಕಣ್ಣು ಮುಚ್ಚಿಕೊಳ್ಳಲು ಕೆಮ್ಮುವ ಹೆಂಗಸಿನ ಸೀರೆಯೇ ಬೇಕು ಅದಕ್ಕೆ.

ಮ್ಯಾನೇಜರ್ ಬರೆದದ್ದನ್ನು ಓದಿ ಹೇಳಿ ಎಂದರು ಓಬಣ್ಣ. ಓದಿದೆ. ಗವಸು ಕಟ್ಟಲ್ಲ ಎಂದರು, ಅಷ್ಟೇ.

ನಮ್ಮೂರಿಗೆ ವಾಪಸ್ ಬಂದು ನಡೆದದ್ದನ್ನೆಲ್ಲ ಬರೆದು ಕಂಪನಿಗೂ, ಈ ಅಳತೆ ಕೇಳುವ ಸರ್ಕಾರಿ ಕಚೇರಿಗೂ ಕಳಿಸಿದೆ. ಉತ್ತರವಿಲ್ಲ. ಗುರುವಾರ ಕ್ಲೈಂಟ್ ನನ್ನ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. ಶುಕ್ರವಾರ ಗಣಿ ಕಂಪನಿಯ ಆಫೀಸಿನ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಗೆರೆ ಮತ್ತೆ ಹಸಿರಾಗಿದೆಯಂತೆ. ಪೆಟ್ಟಿಗೆ ಕಾಯಲು ಬೇರೆಯವರನ್ನು ಇಟ್ಟಿದ್ದಾರಂತೆ. ಓಬಣ್ಣನ ಹತ್ತಿರ ಈಗ ಕುರಿಯೂ ಇಲ್ಲ, ಕೆಲಸವೂ ಇಲ್ಲ.

ನನ್ನ ಮನಸ್ಸು ಮಾತ್ರ ಮಂಗಳವಾರದಲ್ಲೇ ನಿಂತಿದೆ. ನಾನು ಹೊರಟಾಗ ಮಾರಕ್ಕ ಆ ಗವಸನ್ನು ಕೊಡವಿ, ನೀಟಾಗಿ ಮಡಿಸಿ, ಕೈಯಲ್ಲಿ ಹಿಡಿದುಕೊಂಡೇ ಜೀಪಿನ ತನಕ ಬಂದಿದ್ದರು. ಕೆಮ್ಮು ನಿಲ್ಲುವವರೆಗೆ ಕಾಯ್ದು ಒಂದೇ ಮಾತು ಕೇಳಿದರು.

"ಹೊಲಿಯಾದು ನಂಗೇನು ಕಷ್ಟ ಅಲ್ಲವ್ವ. ಲಾರಿ ಅಳ್ತೆ ಎಷ್ಟೈತೆ, ಸ್ವಲ್ಪ ಕೇಳಿ ಹೇಳ್ತೀಯ?"