ಸಮುದ್ರಕ್ಕೆ ಒಬ್ಬರು ಮಾತ್ರ

ಲಿಫ್ಟ್ ಮಾವ ಅಂತ ನೀವೆಲ್ಲ ಕರೀತೀರಲ್ಲ, ಅವನೇನು ಹುಟ್ಟುವಾಗಲೇ ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಬಂದವನಲ್ಲ. ಎಲ್ಲರ ಹಾಗೆ ಅಳ್ತಾ ಬಂದ. ಅಳು ಸಮಾಧಾನ ಮಾಡೋಕೆ ಅಮ್ಮ ಇರ್ಲಿಲ್ಲ ಅಷ್ಟೇ, ಹೆತ್ತ ವಾರದಲ್ಲೇ ಕಣ್ಮುಚ್ಚಿದ್ಲು ಪಾಪ. ಅವನನ್ನ ಸೊಂಟದ ಮೇಲೆ ಹೊತ್ತು ಸಾಕಿದ್ದು ದೊಡ್ಡಕ್ಕ. ಅವಳಿಗೇ ಆಗಿನ್ನೂ ಎರಡು ಜಡೆ ಹಾಕ್ಕೊಳ್ಳೋ ವಯಸ್ಸು. ಸೊಂಟ ಅಂತ ಒಂದಿತ್ತು ಆಗ ಅವಳಿಗೆ. ಆಮೇಲೆ ಅದು ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂತ ಅವಳೇ ಹೇಳ್ಕೊಂಡು ನಗ್ತಿದ್ಲು. ಅವಳು ಹೇಳ್ಬಹುದು, ಬೇರೆಯವರು ಹೇಳೋ ಹಾಗಿಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹುಡುಗ ಬೆಳೆದು ಲಿಫ್ಟ್ ಮೆಕ್ಯಾನಿಕ್ ಆದ. ದಿನವೆಲ್ಲ ಬಾವಿ ಥರದ ಕತ್ತಲೆಯಲ್ಲಿ, ಎರಡು ಮಹಡಿ ಮಧ್ಯೆ ನೇತಾಡ್ಕೊಂಡು, ಹಗ್ಗಕ್ಕೆ ಗ್ರೀಸ್ ಹಚ್ಚೋ ಕೆಲಸ. ಕಣ್ಣಿಗೆ ಕಾಣೋದು ಕಬ್ಬಿಣ, ಮತ್ತೆ ಕಬ್ಬಿಣ. ಮನುಷ್ಯ ಒಳ್ಳೆಯವನೇ, ಆದ್ರೆ ಭಾರದ ವಿಷಯಕ್ಕೆ ಬಂದ್ರೆ ಅಪ್ಪನ್ನೂ ಬಿಡೋನಲ್ಲ. ಲಿಫ್ಟಿನೊಳಗೆ ಗೋಡೇಲಿ ಸ್ಟೀಲ್ ಬೋರ್ಡ್ ಇರುತ್ತಲ್ಲ, ಗರಿಷ್ಠ ಇಷ್ಟು ಜನ ಅಂತ? ಅದನ್ನ ಓದ್ದೆ ಅವನು ಬಟನ್ ಮುಟ್ತಿರ್ಲಿಲ್ಲ. ಒಂದು ಜನ ಜಾಸ್ತಿ ಆದ್ರೆ ಕೊನೆಯವರನ್ನ ತೋಳು ಹಿಡಿದು ಇಳಿಸೋನು. ಒಂದ್ಸಲ ಅವನ ಕಂಪನಿ ಯಜಮಾನರನ್ನೇ ಇಳಿಸಿದ್ದಾನೆ. ಅವರು ಮೆಟ್ಟಿಲು ಹತ್ಕೊಂಡು ಮೇಲೆ ಬಂದು, ಏದುಸಿರು ಬಿಡ್ತಾ, "ಶಹಬ್ಬಾಸ್" ಅಂದ್ರಂತೆ. ಅವನು ಹೇಳಿದ್ದು. ಯಜಮಾನರು ಏನಂದ್ರೋ ಯಾರಿಗೆ ಗೊತ್ತು.

ಇಂಥವನ ಅಕ್ಕ ಜೀವಮಾನದಲ್ಲಿ ಒಂದು ಸಲ ಲಿಫ್ಟ್ ಹತ್ತಿಲ್ಲ! ಕೇಳಿದ್ರೆ, "ಚಿಕ್ಕವನಿದ್ದಾಗ ನನ್ನ ಗಡಿಯಾರ ಬಿಚ್ಚಿ ಜೋಡಿಸ್ದೆ. ತಿರುಪು ಉಳೀತು. ಅವತ್ತಿಂದ ನೀನು ಮುಟ್ಟಿದ್ರಲ್ಲಿ ನಾನು ಕಾಲಿಡಲ್ಲ ಮರಿ" ಅಂತಿದ್ಲು. ಮದುವೆಯಾಗಿ, ಮೀಸೆ ಬೆಳ್ಳಗಾಗಿದ್ರೂ ಅವನು ಅವಳಿಗೆ ಮರಿಯೇ. ಬಸ್ಸೂ ಅವಳಿಗಾಗ್ತಿರ್ಲಿಲ್ಲ, ಮೊದಲನೇ ತಿರುವಿಗೇ ವಾಂತಿ. ಹಾಗಾಗಿ ಅವಳ ಪ್ರಪಂಚ ಅಂದ್ರೆ ಕಾಲು ಹೋದಷ್ಟು ದೂರ. ಪುಣ್ಯಕ್ಕೆ ತಮ್ಮನ ಮನೆ ಪಕ್ಕದ ಬೀದೀಲೇ, ಮೊದಲನೇ ಮಹಡಿ. ಮಂಡಿ ಬೈಕೊಂಡು ಬೈಕೊಂಡು ಹತ್ತಿ ಬರ್ತಿದ್ಲು.

ಒಂದ್ಸಲ ಇವನು ಹಲ್ಲಿನ ಡಾಕ್ಟರ ಕಟ್ಟಡದಲ್ಲಿ ಲಿಫ್ಟ್ ರಿಪೇರಿಗೆ ಹೋದ. ಆಸ್ಪತ್ರೆ ಏಳನೇ ಮಹಡಿ. ಅಲ್ಲಿ ಜನ ಕಾಯೋ ಕೋಣೇಲಿ ಒಂದು ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ಸಮುದ್ರ. ಸಮುದ್ರ ಅಂದ್ರೆ ಸಮುದ್ರವೇ, ಅಲೆ ಸಮೇತ! ಇವನು ಕೆಲಸ ಮುಗಿದ್ರೂ ಕೂತೇ ಇದ್ದ. ನರ್ಸಮ್ಮ ಬಂದು, "ಯಾವ ಹಲ್ಲು?" ಅಂದ್ರು. "ನಂದು ಹಲ್ಲಲ್ಲ, ಲಿಫ್ಟು" ಅಂದ. ಮತ್ತೆ ಕೂತ.

ಸಾಯಂಕಾಲ ಸೀದಾ ಅಕ್ಕನ ಮನೆಗೆ ಹೋಗಿ, ಕೈ ಬಾಯಿ ಎಲ್ಲ ಆಡಿಸ್ಕೊಂಡು ಹೇಳಿದ. "ಅಕ್ಕ, ಹೂವಿನ ಥರ ಇರುತ್ತೆ, ಆದ್ರೆ ಜೀವ ಇರುತ್ತೆ. ಪಟ್ಟೆ ಪೈಜಾಮ ಹಾಕ್ಕೊಂಡಿರೋ ಥರದ ಮೀನು. ಆ ಹೂವಿನೊಳಗೇ ಹೋಗಿ ಮಲಗುತ್ತೆ, ಹಾಸಿಗೆ ಥರ."

ದೊಡ್ಡಕ್ಕ ಕಾಳು ಬಿಡಿಸ್ತಾ ಇದ್ದವಳು ಕೈ ನಿಲ್ಲಿಸಿದ್ಲು. "ಹೂವು ಅದನ್ನ ಏನೂ ಮಾಡಲ್ವಾ?"

"ಇಲ್ಲ ಅಕ್ಕ. ಬೇರೆಯವರು ಮುಟ್ಟಿದ್ರೆ ಚುಚ್ಚುತ್ತೆ. ಅದಕ್ಕೆ ಮಾತ್ರ ಏನೂ ಮಾಡಲ್ಲ."

ಅವಳು ಬಿಡಿಸಿದ ಕಾಳನ್ನ ಪಕ್ಕಕ್ಕೆ ಸರಿಸಿ, "ನಂಗೂ ಒಂದ್ಸಲ ತೋರ್ಸೋ ಮರಿ" ಅಂದ್ಲು.

ನೋಡಿ, ಅವನ ಎದೆಗೆ ನಾಟಿದ್ದು ಅದು. ಆ ಹೆಂಗಸು ಹುಟ್ಟಿದಾಗಿನಿಂದ ಯಾರ ಹತ್ರಾನೂ ಇದು ಕೊಡ್ಸು, ಅದು ತೋರ್ಸು ಅಂದವಳಲ್ಲ. ಕರ್ಕೊಂಡು ಹೋಗೋಣ ಅಂದ್ರೆ ಬಸ್ಸಾಗಲ್ಲ, ಏಳು ಮಹಡಿ ಮೆಟ್ಟಿಲು ಮಂಡಿಗಾಗಲ್ಲ, ಲಿಫ್ಟಂತೂ ಕೇಳೋದೇ ಬೇಡ. ಸರಿ, ಸಮುದ್ರವೇ ಅಕ್ಕನ ಹತ್ರ ಬರ್ಲಿ ಅಂತ ತೀರ್ಮಾನ ಮಾಡ್ಬಿಟ್ಟ.

ಹೆಂಡತಿ ಮನೇಲಿ ಬಟ್ಟೆ ಹೊಲಿಯೋಳು. ಹಾಲ್‌ನಲ್ಲಿ ಕಿಟಕಿ ಪಕ್ಕ ಅವಳ ಮೆಷಿನ್ನು. ಒಂದಿನ ಅಂಗಡಿಯಿಂದ ಬಂದು ನೋಡ್ತಾಳೆ, ಮೆಷಿನ್ನು ಅಡುಗೆ ಮನೇಲಿದೆ, ಗಂಡ ಕಿಟಕಿ ಹತ್ರ ಗಾಜು ಅಂಟಿಸ್ತಾ ಕೂತಿದ್ದಾನೆ. ಇಡೀ ತೊಟ್ಟಿ ಬಾಗಿಲಲ್ಲಿ ತೂರಲ್ಲ ಅಂತ ಗಾಜನ್ನ ಬಿಡಿ ಬಿಡಿಯಾಗಿ ತಂದು ಒಳಗೇ ಕಟ್ತಾ ಇದ್ದಾನೆ. ಮಂಚದಷ್ಟು ಉದ್ದ, ಎದೆಯಷ್ಟು ಎತ್ತರ.

"ರೀ, ಇದನ್ನ ಆಚೆ ತೆಗಿಯೋದು ಹೇಗೆ?"

"ಆಚೆ ಯಾಕೆ ತೆಗೀಬೇಕು?"

ಅವಳಿಗೆ ಮಾತೇ ಹೊರಡ್ಲಿಲ್ಲ. ಆಮೇಲೆ ಹೊರಡ್ತು ಅನ್ನಿ, ಬೇಕಾದಷ್ಟು ಹೊರಡ್ತು.

ನೀರಿಗೆ ಉಪ್ಪು ಕಲಸೋ ದಿನ ಅವಳು ಅಡುಗೆ ಉಪ್ಪಿನ ಡಬ್ಬ ತಂದ್ಲು. "ಅಯ್ಯೋ, ಅದು ಹಾಕಿದ್ರೆ ಎಲ್ಲ ಸಾಯುತ್ತೆ, ಇದಕ್ಕೆ ಬೇರೆ ಉಪ್ಪು" ಅಂತ ಚೀಲ ತೋರಿಸಿದ. ಒಂದು ಗಾಜಿನ ಕಡ್ಡಿ ಅದ್ದಿ ನೋಡೋನು, ಉಪ್ಪು ಕಮ್ಮಿ ಅನ್ನೋನು. ಮತ್ತೆ ಹಾಕೋನು, ಜಾಸ್ತಿ ಆಯ್ತು ಅನ್ನೋನು. "ಇಷ್ಟು ವರ್ಷ ನನ್ನ ಸಾರಿಗೆ ಉಪ್ಪಿದೆಯಾ ಇಲ್ವಾ ಅಂತ ಒಂದಿನ ತಿಳೀಲಿಲ್ಲ ಈ ಮನುಷ್ಯಂಗೆ" ಅಂದ್ಲು ಅವಳು.

ಆಮೇಲೆ ಕಲ್ಲು ಬಂತು. ಸಮುದ್ರದೊಳಗಿನ ಕಲ್ಲಂತೆ, ಕಣ್ಣಿಗೆ ಕಾಣದ ಜೀವಗಳು ಅದರ ತುಂಬ ಇವೆಯಂತೆ, ಅವು ನೀರನ್ನ ಹದಕ್ಕೆ ತರೋವರೆಗೂ ಮೀನು ಬಿಡೋ ಹಾಗಿಲ್ವಂತೆ. ತಿಂಗಳುಗಟ್ಟಲೆ ತೊಟ್ಟೀಲಿ ಬರೀ ಕಲ್ಲು! ಮೇಲೆ ನೀಲಿ ಲೈಟು. ಬೀದಿಯಿಂದ ನೋಡಿದವರು ಬ್ಯೂಟಿ ಪಾರ್ಲರ್ ತೆಗೆದಿದ್ದಾರೆ ಅನ್ಕೊಂಡು ಹುಬ್ಬು ತೀಡಿಸೋಕೆ ಬಂದ್ರು. ಹಾಗೆ ಬಂದವರನ್ನೂ ಬಿಡ್ದೆ ಕೂರಿಸಿ ಕಲ್ಲು ತೋರಿಸಿದ. ಹೆಂಡತಿ ಆ ಬೆಳಕಲ್ಲಿ ಬಣ್ಣ ತಿಳೀದೆ ಕೆಂಪು ಬಟ್ಟೆಗೆಲ್ಲ ಕಪ್ಪು ದಾರ ಹಾಕಿ ಹೊಲಿದು ಕೊಟ್ಲು. ತಮಾಷೆ ಏನಂದ್ರೆ ಒಬ್ಬಳು ಬಂದು, "ಹೋದ ಸಲದ ಫ್ಯಾಷನ್ನೇ ಹಾಕಿ" ಅಂದ್ಲಂತೆ.

ಈಗ ಕೆಳಗಿನ ಮನೆ ಮೇಷ್ಟ್ರ ವಿಷಯ ಹೇಳ್ಬೇಕು. ಮೆತ್ತಗಿನ ಮನುಷ್ಯ, ಜೋರಾಗಿ ಸೀನೋಕೂ ಹೆದರ್ತಿದ್ರು. ಮೇಲೆ ಬಂದು ವಿನಯವಾಗಿ, "ನಮ್ಮ ತಲೆ ಮೇಲೆ ಈಗ ಎಷ್ಟು ಭಾರ ಇದೆ ಅಂತ ತಿಳ್ಕೋಬಹುದಾ?" ಅಂದ್ರು.

ಲಿಫ್ಟ್ ಮಾವನ ಬಾಯಿ ಸುಮ್ನಿರಬಾರ್ದಾ? "ಒಂದು ಟನ್ನಿಗೆ ಸ್ವಲ್ಪ ಮೇಲೆ ಸಾರ್" ಅಂದ.

ಮೇಷ್ಟ್ರು ಅವತ್ತಿಂದ ಊಟದ ಮೇಜಿನ ಕೆಳಗೆ ಮಲಗೋಕೆ ಶುರು ಮಾಡಿದ್ರು. ಆದ್ರೆ ಆ ಪ್ರಶ್ನೆ ಇವನ ತಲೆಯೊಳಗೂ ಹುಳ ಬಿಡ್ತು. ಕಟ್ಟಡ ಕಟ್ಟಿದ ಮೇಸ್ತ್ರೀನ ಕರೆಸಿದ. ಅವನು ನೆಲಕ್ಕೆ ಕಾಲಲ್ಲಿ ಗುದ್ದಿ, "ಆನೆ ಕಟ್ಟಿ ಸ್ವಾಮಿ, ಏನೂ ಆಗಲ್ಲ" ಅಂದ. "ಬೀಳೋ ಲಿಫ್ಟಿಗೂ ಎಲ್ಲರೂ ಹಿಂಗೇ ಹೇಳಿರ್ತಾರೆ" ಅಂದ ಇವನು. ರಾತ್ರಿ ಹಗಲು ಲೆಕ್ಕ ಹಾಕಿ, ಕೆಲಸದ ಕಡೆಯಿಂದ ಒಂದು ಸ್ಟೀಲ್ ಬೋರ್ಡ್ ತಂದು, ಕೊರೆದು, ಹಾಲ್ ಬಾಗಿಲಿಗೆ ತಿರುಪು ಹಾಕಿ ಕೂರಿಸಿದ. ಗರಿಷ್ಠ ಆರು ಜನ.

ಲಿಫ್ಟಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದ್ರೆ ಅರವತ್ತೆಂಟು ಕೇಜಿ. ಅದೇ ಲೆಕ್ಕ ಮನೆಗೂ ಬಂತು. ಹಾಲು ಹಾಕೋನು ಒಳಗೆ ಬಂದ್ರೆ ಯಾರಾದ್ರೂ ಒಬ್ರು ಆಚೆ. ಮಕ್ಕಳು ಅರ್ಧ. ಹೆಂಡತಿಯ ತಂಗಿ ಬಸುರಿ, ಅವಳನ್ನ ನೋಡಿ ಅವನು ಬೆರಳು ಮಡಿಸ್ತಾ ನಿಂತಿದ್ದು ಕಂಡು ಹೆಂಡತಿ ಕತ್ತರಿ ಎತ್ಕೊಂಡು ಬಂದ್ಲು.

ಅಂತೂ ಮೀನು ಬಿಡೋ ದಿನ ಬಂತು. ಹೂವಿನಂಥದ್ದೂ ಬಂತು, ಪಟ್ಟೆ ಪೈಜಾಮದ ಮೀನೂ ಬಂತು. ಹಾಲ್‌ನಲ್ಲಿ ಇವನು, ಹೆಂಡತಿ, ಅವಳ ತಂಗಿ, ಮೇಷ್ಟ್ರು, ಮೇಷ್ಟ್ರ ಹೆಂಡತಿ. ಐದು ಜನ. ಮೆಟ್ಟಿಲ ಮೇಲೆ ಮಂಡಿಗೆ ಬೈಯೋ ಸದ್ದು ಕೇಳ್ತು. ದೊಡ್ಡಕ್ಕ ಒಳ್ಳೇ ಸೀರೆ ಉಟ್ಟು, ತಲೆ ಬಾಚಿ, ಹೊಸ್ತಿಲ ಹತ್ರ ಬಂದು ನಿಂತ್ಲು. ಮುಖದಲ್ಲಿ ಎಂಥ ಬೆಳಕು ಅಂತೀರಿ!

ಇವನು ಬೋರ್ಡ್ ನೋಡಿದ, ಅಕ್ಕನ್ನ ನೋಡಿದ. ಅಭ್ಯಾಸ ನೋಡಿ, ನಾಲಿಗೆ ತಾನಾಗೇ ಹೊರಳ್ತು.

"ಒಬ್ಬರಿಗೆ ಜಾಗ ಇದೆ ಅಕ್ಕ. ಆದ್ರೆ ನೀನು ಎರಡು."

ಮೇಷ್ಟ್ರು ಪಾಪ, "ನಾನು ಆಚೆ ಹೋಗ್ತೀನಿ, ನಾನು ಹೋಗ್ತೀನಿ" ಅಂತ ಚಪ್ಪಲಿ ಹುಡುಕಿದ್ರು. ಅಷ್ಟರಲ್ಲಿ ದೊಡ್ಡಕ್ಕನ ಮುಖದ ಬೆಳಕು ಆರಿತ್ತು.

"ಮರಿ, ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡಾಗ ನಾನು ತಕ್ಕಡಿ ತಂದಿದ್ನೇನೋ?" ಅಂದ್ಲು. ಒಂದು ಕಾಲೂ ಒಳಗಿಡ್ಲಿಲ್ಲ. ತಿರುಗಿ ಹೊರಟೇ ಹೋದ್ಲು.

ಅಲ್ಲಿಗೆ ಮುಗೀತು. ಅವಳು ಬರೋದು ನಿಂತ್ಹೋಯ್ತು. ಮೀನು ಚೆನ್ನಾಗಿತ್ತು, ಹೂವು ಅರಳ್ತು, ಬೀದಿಯವರೆಲ್ಲ ಆರಾರು ಜನದಂತೆ ಬಂದು ನೋಡಿ ಹೊಗಳಿದ್ರು. ಯಾರಿಗೋಸ್ಕರ ತಂದ್ನೋ ಅವಳೊಬ್ಬಳೇ ನೋಡ್ಲಿಲ್ಲ. ಅವನಿಗೆ ಅನ್ನ ಇಳೀಲಿಲ್ಲ.

ಅದರ ಮೇಲೆ ಇನ್ನೊಂದು ಪೀಡೆ. ಬಾಗಿಲು ತಟ್ಟೋ ಸದ್ದು. ಟಕ್, ಟಕ್. ಅಕ್ಕ ಬಂದ್ಲು ಅಂತ ಓಡಿ ಬಾಗಿಲು ತೆಗೀತಾನೆ, ಯಾರೂ ಇಲ್ಲ. ಸ್ನಾನದ ಮನೆಯಿಂದ ಸೋಪಿನ ಮೈಯಲ್ಲೇ ಓಡಿ ಬಂದು ತೆಗೀತಾನೆ, ಮೇಷ್ಟ್ರ ಹೆಂಡತಿ ಮೆಟ್ಟಿಲು ಗುಡಿಸ್ತಾ ನಿಂತಿದ್ದಾರೆ! ಕೊನೆಗೆ ಮೀನಿನ ಅಂಗಡಿಯವನು ಬಂದು ಕಿವಿಗೊಟ್ಟು ಕೇಳಿ ನಕ್ಕ. "ಬಾಗಿಲಲ್ಲ ಸಾರ್, ತೊಟ್ಟಿ. ಕಲ್ಲಿನ ಜೊತೆ ಒಂದು ಸಿಗಡಿ ಬಂದುಬಿಟ್ಟಿದೆ. ಬೆರಳಷ್ಟಿರುತ್ತೆ, ಇಕ್ಕಳದಂಥ ಕೈ ಪಟ್ಟಂತ ಮುಚ್ಚಿ ಸದ್ದು ಮಾಡುತ್ತೆ. ಮೀನಿಗೇನೂ ಮಾಡಲ್ಲ, ಇರ್ಲಿ ಬಿಡಿ."

ಸಿಗಡಿ ಅಂತ ಗೊತ್ತಾದ ಮೇಲೂ ಅವನು ಬಾಗಿಲು ತೆಗಿಯೋದು ಬಿಡ್ಲಿಲ್ಲ. "ಅದು ಒಳಗಿದೆ ರೀ, ಒಳಗೆ!" ಅಂತ ಹೆಂಡತಿ ಹಣೆ ಚಚ್ಕೊಂಡ್ಲು. "ಅಕಸ್ಮಾತ್ ಅಕ್ಕನೇ ಆಗಿದ್ರೆ?" ಅಂತಿದ್ದ.

ಹೆಂಡತಿಯೇ ಸೋತು ಅತ್ತಿಗೆ ಮನೆಗೆ ಹೋದ್ಲು. ದೊಡ್ಡಕ್ಕ ಕಾಳು ಬಿಡಿಸ್ತಾ ತಲೆ ಎತ್ತದೆ, "ನಾನು ಒಬ್ಬಳು ಅಂತ ಅವನು ಒಪ್ಕೊಳ್ಲಿ, ಬರ್ತೀನಿ" ಅಂದ್ಲು.

"ಹೇಳ್ಬಿಡ್ರೀ, ಒಂದು ಮಾತು ತಾನೆ" ಅಂದ್ಲು ಹೆಂಡತಿ ಮನೆಗೆ ಬಂದು.

"ಬಾಯಲ್ಲಿ ಹೇಳ್ಬಹುದು ಕಣೇ. ಬೋರ್ಡಲ್ಲಿ ಸುಳ್ಳು ಬರೆದ್ರೆ ನಾಳೆ ನನ್ನ ಲಿಫ್ಟ್ ಯಾರು ಹತ್ತಬೇಕು?"

"ನಿಮ್ಮಕ್ಕ ಈಗಲೇ ಹತ್ತಲ್ಲ!"

ಅವನು ತಲೆ ಮೇಲೆ ಕೈ ಹೊತ್ತು ಸೋಫಾ ಮೇಲೆ ಕೂತ. ಕೂತವನು ಸೋಫಾನೇ ನೋಡಿದ. ಎದ್ದು ನಿಂತು ಅದರ ಒಂದು ಮೂಲೆ ಎತ್ತಿ ನೋಡಿದ. ಅಷ್ಟೇ, ಶುರುವಾಯ್ತು. ಸೋಫಾ ಆಚೆ. ಕಪಾಟು ಆಚೆ. ಟಿವಿ, ಅದರ ಮೇಜು, ಟ್ರಂಕು, ನೆಲದ ಜಮಖಾನ, ಗೋಡೆ ಗಡಿಯಾರ ಕೂಡ. ಗಡಿಯಾರದ ಭಾರ ಏನ್ರೀ ಅಂದ್ರೆ, "ಇರ್ಲಿ, ಮನಸ್ಸಿಗೆ ಸಮಾಧಾನ" ಅಂದ. ಎಲ್ಲ ಮೆಟ್ಟಿಲ ಮೇಲೆ ಬಂತು. ಮೇಷ್ಟ್ರು ಎರಡು ಕುರ್ಚಿ ಇಳಿಸಿ ಕೊಟ್ರು, ಆಮೇಲೆ ನೆನಪಾಗಿ, "ಇದೆಲ್ಲ ಈಗ ನಮ್ಮ ಬಾಗಿಲ ಮುಂದಿದೆಯಲ್ಲ" ಅಂದ್ರು. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.

ಒಳಗೆ ಉಳಿದಿದ್ದು ತೊಟ್ಟಿ, ಅದರ ಮುಂದೆ ಒಂದೇ ಒಂದು ಗಟ್ಟಿ ಕುರ್ಚಿ. ಲೆಕ್ಕ ಹಾಕಿದ. ಈಗ ಹನ್ನೆರಡು ಜನಕ್ಕೂ ಜಾಗ ಇತ್ತು, ಆದ್ರೆ ಅವನ ಮನಸ್ಸಲ್ಲಿದ್ದ ಸಂಖ್ಯೆ ಬೇರೆ. ಅವನು ಹಳೇ ಬೋರ್ಡ್ ಬಿಚ್ಚಿ, ಹಿಂಭಾಗದಲ್ಲಿ ಹೊಸದಾಗಿ ಕೊರೆದು, ತಿರುಪು ಹಾಕಿದ. ಒಂದು ತಿರುಪು ಉಳೀತು. ಅದನ್ನ ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕ್ಕೊಂಡ. ಅಕ್ಕನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, "ಬೋರ್ಡ್ ಬದಲಾಯಿಸಿದ್ದೀನಿ. ಬಂದು ಓದು" ಅಂದ.

"ಓದೋಕೆ ಮಾತ್ರ ಬರ್ತೀನಿ" ಅಂದ್ಲು ದೊಡ್ಡಕ್ಕ. ಅದೇ ಒಳ್ಳೇ ಸೀರೆ ಉಟ್ಕೊಂಡು ಬಂದ್ಲು.

ಮೆಟ್ಟಿಲ ಮೇಲೆ ಸೋಫಾ, ಸೋಫಾ ಮೇಲೆ ಹೆಂಡತಿ, ಅವಳ ತಂಗಿ, ಮೇಷ್ಟ್ರು ದಂಪತಿ, ಸಾಲಾಗಿ ಕೂತಿದ್ರು. ಅವರನ್ನೆಲ್ಲ ದಾಟಿ ಬಂದು ಕನ್ನಡಕ ಹಾಕ್ಕೊಂಡು ಗಟ್ಟಿಯಾಗಿ ಓದಿದ್ಲು. "ಗರಿಷ್ಠ, ಒಬ್ಬರು ಮಾತ್ರ." ಕನ್ನಡಕ ತೆಗೆದ್ಲು. "ಯಾರು ಆ ಒಬ್ಬರು?"

"ನೀನು."

"ನಾನು ಎರಡಲ್ವಾ?"

"ಲಿಫ್ಟಲ್ಲಿ ಒಬ್ಬ ಮನುಷ್ಯ ಅಂದ್ರೆ ಅರವತ್ತೆಂಟು ಕೇಜಿ ಅಕ್ಕ. ಈ ಮನೇಲಿ ಒಬ್ಬ ಮನುಷ್ಯ ಅಂದ್ರೆ ನೀನು. ಬೇರೆಯವರನ್ನ ನಿನ್ನಿಂದ ಅಳೀತೀನಿ."

"ಹಾಗಾದ್ರೆ ನಾನೆಷ್ಟು?" ಅಂದ್ಲು ಹೆಂಡತಿ ಸೋಫಾದಿಂದ.

"ನೀನು ಅರ್ಧ ಕಣೇ."

ದೊಡ್ಡಕ್ಕನ ತುಟಿ ಅಲ್ಲಾಡ್ತು. ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗ್ಲಿಲ್ಲ. ಸೆರಗು ಸರಿ ಮಾಡ್ಕೊಂಡು ಒಳಗೆ ಹೋಗಿ, ಬಾಗಿಲು ಮುಚ್ಕೊಂಡ್ಲು.

ಆಚೆ ಇವರೆಲ್ಲ ಕಾದ್ರು. ಒಳಗಿಂದ ಸದ್ದೇ ಇಲ್ಲ. ಟೀ ಆಯ್ತು, ಮೇಷ್ಟ್ರ ಮನೆಯಿಂದ ಊಟವೂ ಸೋಫಾಗೇ ಬಂತು. ಹೊತ್ತು ಮುಳುಗ್ತು, ಮೆಟ್ಟಿಲ ಮೇಲೆ ಬಾಗಿಲ ಸಂದಿಯಿಂದ ನೀಲಿ ಬೆಳಕಿನ ಗೆರೆ ಬಿತ್ತು. ಒಂದ್ಸಲ ಅವಳು ಯಾರ ಜೊತೆಗೋ ಮೆಲ್ಲಗೆ, "ಮಲ್ಕೋ, ಮಲ್ಕೋ, ಅದು ನಿಂಗೇನೂ ಮಾಡಲ್ಲ" ಅಂದಿದ್ದು ಕೇಳಿಸ್ತು. ಲಿಫ್ಟ್ ಮಾವ ಹೊಸ್ತಿಲಿಗೆ ತಲೆ ಆನಿಸ್ಕೊಂಡು ಕೂತಿದ್ದ, ಚಿಕ್ಕ ಹುಡುಗನ ಹಾಗೆ.

ಆಗ ಟಕ್ ಅಂತು. ಟಕ್, ಟಕ್.

ಇವನ ಕೈ ಎರಡೂ ಮಡಿಲಲ್ಲಿದ್ವು. ಎಲ್ಲರೂ ನೋಡಿದ್ದಾರೆ.

ಒಳಗಿಂದ ದೊಡ್ಡಕ್ಕನ ದನಿ ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಬಂತು. "ಬಾಗಿಲು ತಟ್ಬೇಡ ಮರಿ! ಒಬ್ಬರು ಮಾತ್ರ ಅಂತ ನೀನೇ ಬರೆದಿದ್ದೀಯಲ್ಲೋ! ಕಾಯಿ ಆಚೆ!"

"ಕಾಯ್ತೀನಿ ಅಕ್ಕ" ಅಂದ ಅವನು.